ಸೀಲು ಬೀಳದ ಮೂರು ಫಾರಂ

ಹುಡುಗಿಯರ ಟೀಮು ಕಟ್ಟಲು ಹೊರಟಿರುವ ಹೊಸ ಪಿ.ಇ. ಮೇಷ್ಟ್ರುಗಳಿಗೆ ಮೊದಲೇ ಹೇಳಿಬಿಡುತ್ತೇನೆ. ಓಡುವುದನ್ನು ಆಮೇಲೆ ಕಲಿಸಿ. ಕಾಲೇಜಿನ ಸೀಲು ಯಾರ ಡ್ರಾಯರಿನಲ್ಲಿದೆ, ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ನಾನು ಹಿರೇಗುಂಟನೂರಿನವನು. ಕೆಲಸ ದುರ್ಗದ ಒಂದು ಕಾಲೇಜಿನಲ್ಲಿ. ಹೆಸರು ಬೇಡ, ಸಂಬಳ ಇನ್ನೂ ಅಲ್ಲಿಂದಲೇ ಬರುತ್ತಿದೆ. ನಾನು ಸೇರಿದಾಗ ಹುಡುಗಿಯರ ಖೋ ಖೋ ಟೀಮ್ ಎಂದರೆ ಟೂರ್ನಿಯ ಹಿಂದಿನ ದಿನ ಕ್ಲಾಸಿಗೆ ನುಗ್ಗಿ ಎಬ್ಬಿಸಿಕೊಂಡು ಬರುವ ಹನ್ನೆರಡು ಜನ. ಮೊದಲ ಪಂದ್ಯದಲ್ಲೇ ಸೋಲು, ಎರಡೆರಡು ಬಾಳೆಹಣ್ಣು, ವಾಪಸ್ ಬಸ್ಸು.

ಸಂಜೆ ಪ್ರಾಕ್ಟೀಸ್ ಇಡಿ ಎಂದರು. ಹೇಳುವವರಿಗೇನು, ಅವರು ಬೈಕಿನಲ್ಲಿ ಮನೆಗೆ ಹೋಗುತ್ತಾರೆ. ನಮ್ಮ ಹೋಬಳಿಯ ಹುಡುಗಿಯರು ಸಂಜೆ ಬಸ್ಸು ತಪ್ಪಿಸಿಕೊಂಡರೆ ಮರುದಿನ ಕಾಲೇಜೇ ಬಂದ್. ಅದಕ್ಕೇ ಬೆಳಗಿನ ಜಾವದ ಪ್ರಾಕ್ಟೀಸಿಗೆಂದು ನಮ್ಮೂರಿನ ಬಯಲಲ್ಲೇ ಅಂಕಣ ಹಾಕಿದೆ. ಉದ್ದ 27 ಮೀಟರ್, ಅಗಲ 16. ಕಲ್ಲು ಆರಿಸಿ, ನೀರು ಹೊಡೆದು, ಸುಣ್ಣದ ಗೆರೆ ಎಳೆದೆವು. ಕಂಬ ಬಡಗಿಯಿಂದ ಮಾಡಿಸಿದ್ದು, ನನ್ನ ಜೇಬಿನ ದುಡ್ಡಿನಲ್ಲಿ. ಭೀಮಸಮುದ್ರದ ಕಡೆಯಿಂದಲೂ ಇಬ್ಬರು ಅಪ್ಪಂದಿರ ಬೈಕ್ ಹತ್ತಿ ಬರುತ್ತಿದ್ದರು.

ಒಬ್ಬಳ ಸೋದರಮಾವ ಮಾತ್ರ ದಿನವೂ ಬೇಲಿ ಹತ್ತಿರ ಬಂದು ನಿಲ್ಲೋನು. "ಏನ್ ಮೇಷ್ಟ್ರೇ, ಚಡ್ಡಿ ಹಾಕ್ಕೊಂಡು ಊರ ಮುಂದೆ ಓಡ್ತಾವಲ್ಲ, ನಾಳೆ ಇವನ್ನ ಯಾರು ಮಾಡ್ಕೋತಾರೆ?" 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ಟೀಮಿನ ಚೈತ್ರಾ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವಳು. ಆ ಫೈನಲ್ಲನ್ನು ಮೊಬೈಲಿನಲ್ಲಿ ನೋಡಿದ ಮೇಲೆ ಅದೇ ಮಾವ ಬಂದು, "ನಮ್ ಹುಡ್ಗೀನ ಡೆಲ್ಲಿಗೆ ಯಾವಾಗ ಕಳಿಸ್ತೀರಿ?" ಎಂದ. ನಾನು ಉತ್ತರ ಕೊಡಲಿಲ್ಲ.

ಆಟದ ವಿಷಯಕ್ಕೆ ಒಂದೇ ಮಾತು. ಎಲ್ಲರೂ ಜೋರಾಗಿ ಓಡುವವರನ್ನು ಹುಡುಕುತ್ತಾರೆ. ಸೋಲುವ ಟೀಮು ಸೋಲುವುದು ಕೂತ ಜಾಗದಲ್ಲಿ. ಬೆನ್ನಟ್ಟುವ ಟೀಮಿನ ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಬೆನ್ನಿಗೆ ಕೈ ಬಿದ್ದು ಖೋ ಕೇಳುವ ಮೊದಲೇ ಎದ್ದರೆ ಫೌಲ್, ತಡವಾಗಿ ಎದ್ದರೆ ಓಡುವವಳು ಮಾಯ. ಒಮ್ಮೆ ದಿಕ್ಕು ಹಿಡಿದರೆ ಕಂಬದ ತನಕ ತಿರುಗುವ ಹಾಗಿಲ್ಲ, ಆದ್ದರಿಂದ ಕೂತಾಗಲೇ ಕಣ್ಣು ಓಡುತ್ತಿರಬೇಕು. ತಿಂಗಳುಗಟ್ಟಲೆ ನಾವು ಕೂರುವುದು, ಏಳುವುದು, ಇದನ್ನೇ ಮಾಡಿದೆವು. ನೋಡುವವರು ನಕ್ಕರು.

ಆ ವರ್ಷ ಅಂತರ ಕಾಲೇಜು ಟೂರ್ನಿಯಲ್ಲಿ ಸೆಮಿಫೈನಲ್ ತಲುಪಿದ್ದು ಹೀಗೆ. ಆದರೆ ಆಡಿದ್ದು ಹನ್ನೆರಡು ಜನವಲ್ಲ, ಒಂಬತ್ತೇ. ಬೆಳಗ್ಗೆ ಎಲಿಜಿಬಿಲಿಟಿ ಫಾರಂ ಪರಿಶೀಲನೆಯಲ್ಲಿ ಮೂವರ ಫೋಟೋ ಮೇಲೆ ಸೀಲು ಇಲ್ಲ ಎಂದು ಪಕ್ಕಕ್ಕಿಟ್ಟರು. ಪರಿಶೀಲಿಸಿದವರದೇನೂ ತಪ್ಪಿಲ್ಲ, ನಿಯಮ ನಿಯಮವೇ. ಹನ್ನೆರಡನ್ನೂ ಒಟ್ಟಿಗೇ ಆಫೀಸಿಗೆ ಕೊಟ್ಟಿದ್ದೆ, ವಾರ ಮೊದಲೇ. ಗುಮಾಸ್ತರಿಗೆ ಫೋನ್ ಮಾಡಿದರೆ ಹಿಂದೆ ವಾಲಗದ ಸದ್ದು. "ಮದುವೆಗೆ ಬಂದಿದೀನಿ ಸಾರ್, ಸೋಮವಾರ ನೋಡಾಣ."

ಆ ಮೂವರಲ್ಲಿ ಒಬ್ಬಳು ನಮ್ಮ ಪೋಲ್ ಡೈವ್ ಹುಡುಗಿ. ಜೆರ್ಸಿ ಹಾಕಿಕೊಂಡು ಗೆರೆಯಾಚೆ ಕೂತಿದ್ದಳು. ಅವಳ ಜಾಗದಲ್ಲಿ ಕಂಬಕ್ಕೆ ಹಾರಿದವಳು ಮೊದಲ ಇನಿಂಗ್ಸಿನಲ್ಲೇ ಮೊಣಕಾಲು ಕಿತ್ತುಕೊಂಡಳು. ಬದಲಿಗೆ ಯಾರೂ ಇಲ್ಲ. ದುಪಟ್ಟಾ ಹರಿದು ಕಟ್ಟಿದೆ. "ಸಾರ್, ಬಿಗಿಯಾಗಿ ಕಟ್ಟಿ" ಎಂದಳೇ ಹೊರತು ಅಳಲಿಲ್ಲ. ಎರಡನೇ ಇನಿಂಗ್ಸು, ಕೊನೆಯ ಟರ್ನ್, ಓಡುವ ಸರದಿ ನಮ್ಮದು. ಒಂಬತ್ತು ನಿಮಿಷ ದಾಟಿಸಬೇಕು. ಸ್ಕೋರು ಸಮವಾಯಿತು, ಅಂಕಣದಲ್ಲಿ ಕೊನೆಯ ಬ್ಯಾಚಿನ ಇಬ್ಬರು ಉಳಿದರು, ಅವರಲ್ಲಿ ಇವಳೊಬ್ಬಳು. ಕುಂಟುತ್ತಲೇ ಸಾಲಿನ ನಡುವೆ ನುಸುಳಿ ಎರಡು ಖೋ ತಪ್ಪಿಸಿದಳು. ಹುಡುಗಿಯರು ಕಿರುಚುತ್ತಿದ್ದರು, ನಾನೂ ಕಿರುಚುತ್ತಿದ್ದೆ, ಏನೆಂದು ನೆನಪಿಲ್ಲ. ಟೈಮ್ ಕೀಪರ್ ಸೀಟಿಯನ್ನು ಬಾಯಿಗಿಟ್ಟಿದ್ದ. ಕಂಬದ ಹತ್ತಿರ ತಿರುಗಬೇಕು, ಮೊಣಕಾಲು ಬಗ್ಗಲಿಲ್ಲ. ಬೆನ್ನಿಗೆ ಕೈ ಬಿತ್ತು. ಆಮೇಲೆ ಸೀಟಿ.

ಒಂದು ಪಾಯಿಂಟ್.

ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಫಾರಮ್ಮಿಗೆ ಸೀಲು ಬೀಳದ ಮೂವರು ಎಲ್ಲರಿಗಿಂತ ಹಿಂದಿನ ಸೀಟಿಗೆ ಹೋಗಿ ಕೂತರು, ತಪ್ಪು ತಮ್ಮದೇನೋ ಎಂಬಂತೆ. ಆ ಟೂರ್ನಿಯಿಂದಲೇ ನಮ್ಮ ಇಬ್ಬರು ಯೂನಿವರ್ಸಿಟಿ ಟೀಮಿಗೆ ಆಯ್ಕೆಯಾಗಿ ದಕ್ಷಿಣ ವಲಯದ ಟೂರ್ನಿಗೆ ಹೋದರು. ಕುಂಟಿದವಳೂ ಅವರಲ್ಲೊಬ್ಬಳು. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಅಭಿನಂದನೆ ಹಾಕಿದವರು ಅದೇ ಗುಮಾಸ್ತರು. ಹೆಸರಿನ ಕಾಗುಣಿತ ಎರಡು ಕಡೆ ತಪ್ಪಿತ್ತು. ನ್ಯಾಕ್ ಸಮಿತಿ ಬರುವಾಗ ಕ್ರೀಡಾ ಸಾಧನೆಯ ಫೈಲಿಗೆಂದು ಟೀಮಿನ ಫೋಟೋ ಕೇಳಲೂ ಅವರೇ ಬಂದರು. ಹನ್ನೆರಡು ಜನರೂ ಇರುವ ಫೋಟೋವನ್ನೇ ಕೊಟ್ಟೆ.

ಈಗ ಪ್ರತಿ ಫಾರಮ್ಮಿಗೂ ನಾನೇ ಎದುರು ನಿಂತು ಸೀಲು ಹಾಕಿಸುತ್ತೇನೆ, ಎರಡು ಜೆರಾಕ್ಸ್ ಇಟ್ಟುಕೊಳ್ಳುತ್ತೇನೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೊತೆಗೇ ಇರುತ್ತದೆ. ನೀವೂ ಹಾಗೇ ಮಾಡಿ. ಮೊಣಕಾಲಿಗೆ ಪಟ್ಟಿ ಮೊದಲೇ ಕೊಳ್ಳಿ. ಇನ್ನೊಂದು: ದೊಡ್ಡ ಪಂದ್ಯಗಳು ಮ್ಯಾಟಿಗೆ ಹೋಗಿವೆ, ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿತವರು ಅಲ್ಲಿ ಜಾರುತ್ತಾರೆ. ನಮ್ಮವರಿಗೆ ಶೂ ಬೇಕೆಂದು ಮೂರು ಕೊಟೇಶನ್ ಸಮೇತ ಬರೆದುಕೊಟ್ಟಿದ್ದೇನೆ. ಫೈಲು ಅದೇ ಗುಮಾಸ್ತರ ಮೇಜಿನ ಮೇಲಿದೆ.