ಜ್ವರ, ಮನಸ್ಸು ಮತ್ತು ಅರಸುತನ: ಪುಣೆ, ಕಲ್ಯಾಣ ಮತ್ತು ರೋಮ್‌ನ ಆಕರಗಳ ಒಂದು ಪರಿಶೀಲನೆ

1

ಅರಸನ ದೇಹಕ್ಕೆ ಬಂದ ರೋಗವು ಅವನ ಮನಸ್ಸನ್ನು ಮಾರ್ಪಡಿಸಿತು, ಆ ಮಾರ್ಪಾಡಿನಿಂದ ರಾಜ್ಯದ ಗತಿಯೇ ಬದಲಾಯಿತು ಎಂಬ ಬಗೆಯ ವಿವರಣೆ ಚರಿತ್ರೆಯಲ್ಲಿಯೂ ಕಾವ್ಯದಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಅತ್ಯಂತ ಪ್ರಸಿದ್ಧವಾದ ನಿದರ್ಶನ ಕಲಿಗುಲನೆಂದು ಹೆಸರಾದ ರೋಮ್‌ನ ಚಕ್ರವರ್ತಿ ಗಾಯಸ್. ಆದರೆ ಅದನ್ನು ಪರಿಶೀಲಿಸಲು ರೋಮ್‌ವರೆಗೆ ಹೋಗಬೇಕಾದ ಅನಿವಾರ್ಯತೆ ಕನ್ನಡದ ವಿದ್ಯಾರ್ಥಿಗೆ ಇಲ್ಲ. ಪುಣೆಯ ಶನಿವಾರವಾಡೆಯೂ ತುಂಗಭದ್ರೆಯ ದಡದ ಕುರುವತ್ತಿಯೂ ಇದೇ ಪ್ರಶ್ನೆಯನ್ನು ನಮ್ಮ ಮುಂದೆ ಇಡುತ್ತವೆ.

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯಕ. ಅರಸನಿಗೆ ರೋಗ ಬಂದಿತ್ತು ಎಂಬುದು ಒಂದು ಸಂಗತಿ. ರೋಗದಿಂದ ಅವನ ಮನಸ್ಸು ಹೀಗಾಯಿತು ಎಂಬುದು ಆ ಸಂಗತಿಯ ಮೇಲೆ ಕಟ್ಟಿದ ವಾದ. ಸಂಗತಿಗೆ ಸಾಕ್ಷ್ಯ ದೊರೆತ ಮಾತ್ರಕ್ಕೆ ವಾದಕ್ಕೂ ದೊರೆತಂತಾಗುವುದಿಲ್ಲ. ವಾದವನ್ನು ಹೂಡಿದವರು ಯಾರು, ಯಾವಾಗ ಹೂಡಿದರು, ಅದರಿಂದ ಯಾರ ಹೊಣೆ ಇಳಿಯಿತು ಎಂದು ಕೇಳಿದಾಗ ಮಾತ್ರ ಆಕರದ ನಿಜವಾದ ಬೆಲೆ ತಿಳಿಯುತ್ತದೆ. ಈ ಅಂಶವನ್ನು ನಾಲ್ವರು ಅರಸರ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ನಮ್ಮ ಪ್ರಾಚೀನ ವೈದ್ಯಶಾಸ್ತ್ರ ದೇಹವನ್ನೂ ಮನಸ್ಸನ್ನೂ ಬೇರೆ ಬೇರೆಯಾಗಿ ಕಂಡದ್ದಲ್ಲ. ಚರಕಸಂಹಿತೆಯ ಪ್ರಕಾರ ಜ್ವರವು ದೇಹ, ಇಂದ್ರಿಯ, ಮನಸ್ಸು ಈ ಮೂರನ್ನೂ ತಪಿಸುವ ರೋಗ. ರೋಗಗಳಲ್ಲೆಲ್ಲ ಅದೇ ಮೊದಲನೆಯದು. ಮೂರು ದೋಷಗಳೂ ಒಟ್ಟಿಗೆ ಕೆರಳಿದರೆ ಅದು ಸನ್ನಿಪಾತ. ಈ ಶಾಸ್ತ್ರದ ಪದವೇ ಸವೆದು ಕನ್ನಡದ ಮನೆಮಾತಿನಲ್ಲಿ 'ಸನ್ನಿ' ಆಯಿತು. ಜ್ವರ ತಲೆಗೇರಿ ಬಡಬಡಿಸುವವನನ್ನು ಕುರಿತು 'ಸನ್ನಿ ಹಿಡಿದಿದೆ' ಎನ್ನುವಾಗ ನಮ್ಮ ಹಿರಿಯರು ಆ ಮಾತುಗಳಿಗೆ ಅವನನ್ನು ಹೊಣೆ ಮಾಡುತ್ತಿರಲಿಲ್ಲ ಎಂಬುದು ಗಮನಾರ್ಹ. ಈ ಪದದಲ್ಲಿ ರೋಗನಿರ್ಣಯದ ಜೊತೆಗೆ ಒಂದು ಕ್ಷಮೆಯೂ ಅಡಗಿದೆ. ಸಾಮಾನ್ಯ ಗೃಹಸ್ಥನ ವಿಷಯದಲ್ಲಿ ಈ ಕ್ಷಮೆ ಮಾನವೀಯವಾದುದು. ಅರಸನ ವಿಷಯದಲ್ಲಿ ಅದು ರಾಜಕೀಯದ ಸಾಧನವೂ ಆಗಬಲ್ಲದು.

3

ಸವಾಯಿ ಮಾಧವರಾವ್ ಪೇಶ್ವೆ ಹುಟ್ಟಿದ್ದು 1774ರ ಏಪ್ರಿಲ್‌ನಲ್ಲಿ, ಪುರಂದರದ ಕೋಟೆಯಲ್ಲಿ. ಅವನ ತಂದೆ ನಾರಾಯಣರಾಯನು ಹಿಂದಿನ ವರ್ಷದ ಆಗಸ್ಟ್ 30ರಂದು ಶನಿವಾರವಾಡೆಯೊಳಗೇ ಕೊಲೆಯಾಗಿದ್ದನು. ತಂದೆಯನ್ನು ಕಾಣದೆ ಹುಟ್ಟಿದ ಈ ಮಗುವಿನ ಹೆಸರಿನಲ್ಲಿ ರಾಜ್ಯಭಾರ ನಡೆಸಿದವನು ನಾನಾ ಫಡ್ನವೀಸ. ಬಾಲಕನು ಬೆಳೆದು ತರುಣನಾದರೂ ನಾನಾನ ಕಾವಲು ಸಡಿಲವಾಗಲಿಲ್ಲ. 1795ರ ಮಾರ್ಚ್‌ನಲ್ಲಿ ಖರ್ಡಾದಲ್ಲಿ ನಿಜಾಮನ ಮೇಲೆ ಮರಾಠರಿಗೆ ದೊಡ್ಡ ಜಯ ದೊರೆಯಿತು. ಅದಾದ ಏಳು ತಿಂಗಳಿಗೆ, ಅಕ್ಟೋಬರ್ 25ರಂದು, ಪೇಶ್ವೆಯು ವಾಡೆಯ ಮೇಲಂತಸ್ತಿನಿಂದ ಕೆಳಗಿನ ಕಾರಂಜಿಯ ಮೇಲೆ ಬಿದ್ದನು. ಎರಡು ದಿನ ಬದುಕಿದ್ದು 27ರಂದು ತೀರಿಕೊಂಡನು. ಆಗ ಅವನ ವಯಸ್ಸು 21.

ಈ ಮರಣಕ್ಕೆ ಎರಡು ವಿವರಣೆಗಳಿವೆ. 1826ರಲ್ಲಿ ಮರಾಠರ ಚರಿತ್ರೆಯನ್ನು ಪ್ರಕಟಿಸಿದ ಗ್ರ್ಯಾಂಟ್ ಡಫ್ ಇದನ್ನು ಆತ್ಮಹತ್ಯೆಯೆಂದೇ ಬರೆದನು. ಸೆರೆಯಲ್ಲಿದ್ದ ದಾಯಾದಿ ಬಾಜೀರಾಯನೊಡನೆ ಪೇಶ್ವೆಯು ಗುಟ್ಟಾಗಿ ಪತ್ರವ್ಯವಹಾರ ನಡೆಸಿದನು. ಅದನ್ನು ಪತ್ತೆಹಚ್ಚಿದ ನಾನಾ ಕಠಿಣವಾಗಿ ನಿಂದಿಸಿದನು. ದಸರೆಯ ದಿನ ಸೈನ್ಯದ ಮುಂದೆ ಕಾಣಿಸಿಕೊಂಡರೂ ತರುಣನ ಮನಸ್ಸನ್ನು ವಿಷಾದ ಆವರಿಸಿತ್ತು ಎಂಬುದು ಅವನ ನಿರೂಪಣೆ. ಇನ್ನೊಂದು ವಿವರಣೆಯಂತೆ ಪೇಶ್ವೆಗೆ ಕೆಲವು ದಿನಗಳಿಂದ ಜ್ವರವಿತ್ತು. ಅದು ತಲೆಗೇರಿ ಸನ್ನಿಯಾಯಿತು. ಆ ಸ್ಥಿತಿಯಲ್ಲಿ ಅವನು ಕಿಟಕಿಯಿಂದ ಬಿದ್ದನು.

ಮೊದಲನೆಯ ವಿವರಣೆಯಲ್ಲಿ ಒಬ್ಬ ಹೊಣೆಗಾರನಿದ್ದಾನೆ. ಎರಡನೆಯದರಲ್ಲಿ ಯಾರೂ ಇಲ್ಲ. ಗ್ರ್ಯಾಂಟ್ ಡಫ್ ನಾನಾನ ರಾಜಕೀಯ ಸಾಮರ್ಥ್ಯವನ್ನು ಮೆಚ್ಚಿಕೊಂಡವನೇ ಆದ್ದರಿಂದ ಅವನ ಮಾತನ್ನು ಕೇವಲ ದ್ವೇಷದ ಮಾತೆಂದು ತಳ್ಳಿಹಾಕಲಾಗದು. ಹಾಗೆಂದು ಜ್ವರದ ಕಥೆಯನ್ನು ಕಟ್ಟುಕಥೆ ಎನ್ನಲೂ ಆಧಾರವಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಸಾಯುವ ಮುನ್ನ ಪೇಶ್ವೆಯು ತನ್ನ ಗಾದಿ ಬಾಜೀರಾಯನಿಗೆ ಸಲ್ಲಬೇಕೆಂಬ ಇಚ್ಛೆಯನ್ನು ತಿಳಿಸಿದನೆಂದು ಗ್ರ್ಯಾಂಟ್ ಡಫ್ ಹೇಳುತ್ತಾನೆ. ಪೇಶ್ವೆಗೆ ಸನ್ನಿಯೆಂದು ಒಪ್ಪಿದರೆ ಈ ಕೊನೆಯ ಮಾತಿನ ತೂಕ ಕಡಿಮೆಯಾಗುತ್ತದೆ. ಅವನ ಮನಸ್ಸು ತಿಳಿಯಾಗಿತ್ತೆಂದರೆ ಅದು ಆಜ್ಞೆಗೆ ಸಮಾನವಾಗುತ್ತದೆ. ಮುಂದೆ ನಡೆದುದೇನು? ನಾನಾ ಬಾಜೀರಾಯನನ್ನು ಹೊರಗಿಡಲು ವಿಧವೆ ಯಶೋದಾಬಾಯಿಗೆ ದತ್ತು ಕೊಡಿಸುವ ಯೋಚನೆ ಮಾಡಿದನು. ಬಾಜೀರಾಯನ ತಮ್ಮ ಚಿಮಣಾಜಿಗೆ 1796ರಲ್ಲಿ ಕೆಲವು ಕಾಲ ಪೇಶ್ವೆಯ ಪಟ್ಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಾಜೀರಾಯನೇ ಪೇಶ್ವೆಯಾದನು. 1818ರಲ್ಲಿ ಪೇಶ್ವೆಯ ಆಳಿಕೆಯೇ ಮುಗಿಯಿತು. ಹಾಗಾಗಿ ಆ ಎರಡು ದಿನಗಳ ಕಾಲ ಒಬ್ಬ ಗಾಯಾಳುವಿನ ಮನಸ್ಸು ಹೇಗಿತ್ತು ಎಂಬುದು ವೈದ್ಯರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಾಗಿರಲಿಲ್ಲ.

ಇವೆರಡು ವಿವರಣೆಗಳು ಪರಸ್ಪರ ವಿರುದ್ಧವಾಗಿರಲೇಬೇಕೆಂದೂ ಇಲ್ಲ. ಜ್ವರವು ಮನಸ್ಸನ್ನೂ ತಪಿಸುವುದಾದರೆ, ಅದು ಹೊಸ ದುಃಖವನ್ನು ಹುಟ್ಟಿಸುವುದಕ್ಕಿಂತ ಹಳೆಯ ದುಃಖವನ್ನು ತಡೆದಿದ್ದ ಕಟ್ಟೆಯನ್ನು ಒಡೆದಿರಬಹುದು. ಆಗ ಜ್ವರದ ಸಂಗತಿ ನಿಜವಾಗಿದ್ದರೂ ಕಾವಲಿನ ಹೊಣೆ ಇಲ್ಲವಾಗುವುದಿಲ್ಲ.

4

ಇದೇ ಮನೆತನದ ಮತ್ತೊಬ್ಬನನ್ನು ಇಲ್ಲಿ ಹೋಲಿಕೆಗೆ ತೆಗೆದುಕೊಳ್ಳಬೇಕು. ಸವಾಯಿ ಮಾಧವರಾಯನ ದೊಡ್ಡಪ್ಪ ಮೊದಲನೆಯ ಮಾಧವರಾವ್ 1761ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ ಪೇಶ್ವೆಯಾದವನು. ಹೈದರಾಲಿಯ ವಿರುದ್ಧ ಅವನು ಕನ್ನಡನಾಡಿಗೆ ಮತ್ತೆ ಮತ್ತೆ ದಂಡೆತ್ತಿ ಬಂದುದನ್ನು ನಮ್ಮ ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಅವನಿಗೆ ಕ್ಷಯ ತಗುಲಿತ್ತು. ಸಂಸ್ಕೃತದಲ್ಲಿ ಈ ರೋಗಕ್ಕೆ ರಾಜಯಕ್ಷ್ಮವೆಂದೇ ಹೆಸರು. 1770ರಲ್ಲಿ ನಿಜಗಲ್ಲಿನ ಕೋಟೆಯನ್ನು ಗೆದ್ದ ಮೇಲೆ ಅನಾರೋಗ್ಯದ ಕಾರಣ ಅವನು ಪುಣೆಗೆ ಹಿಂದಿರುಗಬೇಕಾಯಿತು. ದಂಡಿನ ಹೊಣೆಯನ್ನು ತ್ರ್ಯಂಬಕರಾವ್ ಪೇಠೆಗೆ ಒಪ್ಪಿಸಿದನು. 1771ರಲ್ಲಿ ಮೇಲುಕೋಟೆಯ ಬಳಿಯ ಚಿನಕುರಳಿಯಲ್ಲಿ ಹೈದರನನ್ನು ಸೋಲಿಸಿದ ಮರಾಠಾ ಸೇನೆಯ ನಾಯಕ ಈ ತ್ರ್ಯಂಬಕರಾವ್. ಪೇಶ್ವೆಯು 1772ರ ನವೆಂಬರ್ 18ರಂದು ಪುಣೆಯ ಸಮೀಪದ ಥೇವೂರಿನ ಗಣಪತಿಯ ಸನ್ನಿಧಿಯಲ್ಲಿ, 27ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇಲ್ಲಿ ರೋಗದ ಪರಿಣಾಮ ರಾಜ್ಯದ ಮೇಲೆ ಆಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಪರಿಣಾಮ ದೇಹದ ದಾರಿಯಿಂದ ಬಂದುದೇ ಹೊರತು ಬುದ್ಧಿಯ ವಿಕಾರದಿಂದ ಬಂದುದಲ್ಲ. ಕುದುರೆಯ ಮೇಲೆ ಕೂರಲಾಗದವನು ದಂಡನ್ನು ಇನ್ನೊಬ್ಬನಿಗೆ ಒಪ್ಪಿಸಿದನು. ಸಾವು ಸಮೀಪಿಸಿದೆಯೆಂದು ತಿಳಿದಾಗ, ರಾಜ್ಯದ ಸಾಲ ತೀರಬೇಕೆಂಬುದೂ ಸೇರಿದಂತೆ ತನ್ನ ಇಚ್ಛೆಗಳನ್ನು ಬರಹದಲ್ಲಿ ಇರಿಸಿದನು. ತಾನು ಇಲ್ಲದ ನಾಳೆಯನ್ನು ಲೆಕ್ಕ ಹಾಕುತ್ತಿರುವ ಮನಸ್ಸು ಇದು. ದೀರ್ಘರೋಗವು ಅರಸನ ಮನಸ್ಸನ್ನು ಕೆಡಿಸಿಯೇ ತೀರುತ್ತದೆಂಬ ಸಾಮಾನ್ಯ ನಂಬಿಕೆಗೆ ಈ ನಿದರ್ಶನ ಪ್ರತಿಕೂಲವಾಗಿದೆ. ಇದನ್ನು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಗುವುದು ಪೇಶ್ವೆಗಳ ಕಾಲದ ಪತ್ರಗಳು ಉಳಿದಿರುವುದರಿಂದ. ಪುಣೆಯಲ್ಲಿ ರಕ್ಷಿತವಾಗಿರುವ ಪೇಶ್ವೆ ದಫ್ತರದ ಮೋಡಿ ಕಾಗದಗಳು ಈ ಬಗೆಯ ಅಧ್ಯಯನಕ್ಕೆ ದೊಡ್ಡ ಆಸರೆ.

5

ಇಂಥ ಕಾಗದಗಳಿಲ್ಲದ ಕಾಲಕ್ಕೆ ಹೋದಾಗ ನಮಗೆ ಉಳಿಯುವುದು ಶಾಸನ ಮತ್ತು ಕಾವ್ಯ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರ, ಆಹವಮಲ್ಲ ಬಿರುದಿನವನು, ಕ್ರಿ.ಶ. 1068ರ ಮಾರ್ಚ್ ಕೊನೆಯಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಯನ್ನು ಪ್ರವೇಶಿಸಿ ಪ್ರಾಣ ಬಿಟ್ಟನು. ಹೂವಿನಹಡಗಲಿ ತಾಲ್ಲೂಕಿನ ಈ ಊರಿನ ಮಲ್ಲಿಕಾರ್ಜುನ ದೇವಾಲಯ ಶಿಲ್ಪಪ್ರಿಯರಿಗೆ ಪರಿಚಿತವಾದುದು. ಅರಸನು ಕುರುವತ್ತಿಯಲ್ಲಿ ಪರಮಯೋಗವನ್ನು ಆಚರಿಸಿ ತುಂಗಭದ್ರೆಯಲ್ಲಿ ಸ್ವರ್ಗಸ್ಥನಾದನೆಂದು ಸಮಕಾಲೀನ ಶಾಸನ ತಿಳಿಸುತ್ತದೆ. ಅದು ಸ್ಥಳವನ್ನೂ ತಿಥಿಯನ್ನೂ ಕ್ರಿಯೆಯನ್ನೂ ಹೇಳಿ ಸುಮ್ಮನಾಗುತ್ತದೆ.

ಅರಸನ ಮನಸ್ಸಿನೊಳಗೆ ಹೊಕ್ಕವನು ಕವಿ ಬಿಲ್ಹಣ. ಕಾಶ್ಮೀರದಿಂದ ಬಂದು ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾದ ಈತನು ತನ್ನ ವಿಕ್ರಮಾಂಕದೇವಚರಿತದ ನಾಲ್ಕನೆಯ ಸರ್ಗದಲ್ಲಿ ಆಹವಮಲ್ಲನ ದಾಹಜ್ವರವನ್ನು ವರ್ಣಿಸುತ್ತಾನೆ. ಔಷಧಿಗಳಿಗೆ ಜ್ವರ ಬಗ್ಗದು. ಅರಸನು ಮಂತ್ರಿಗಳ ಒಪ್ಪಿಗೆ ಪಡೆದು ದಕ್ಷಿಣದ ಗಂಗೆಯಾದ ತುಂಗಭದ್ರೆಗೆ ಪಯಣಿಸುತ್ತಾನೆ. ಮಿಂದು, ಶಿವನನ್ನು ಧ್ಯಾನಿಸಿ, ವಾದ್ಯಗಳು ಮೊಳಗುತ್ತಿರಲು ನೀರಿನಲ್ಲಿ ಮುಳುಗುತ್ತಾನೆ. ಜ್ವರ ಇಲ್ಲಿ ಸನ್ನಿಯಾಗುವುದಿಲ್ಲ; ದೇಹ ಬೆಂದಷ್ಟೂ ಮನಸ್ಸು ತಿಳಿಯಾಗುತ್ತ ಹೋಗುತ್ತದೆ.

ಅದೇ ಸರ್ಗದ ಮುಂದಿನ ಭಾಗವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಪಟ್ಟಕ್ಕೆ ಬಂದ ಹಿರಿಯ ಮಗ ಎರಡನೆಯ ಸೋಮೇಶ್ವರನು ಸ್ವಲ್ಪ ಕಾಲದಲ್ಲಿಯೇ ಗರ್ವಿಷ್ಠನೂ ಸಂಶಯಾತ್ಮನೂ ಕ್ರೂರನೂ ಲೋಭಿಯೂ ಆಗುತ್ತಾನೆ. ಅವನಿಗೆ ಜ್ವರವಿಲ್ಲ, ರಾಜ್ಯಮದವೇ ಅವನ ರೋಗ. ಇಂಥ ಅಣ್ಣನನ್ನು ತಮ್ಮನಾದ ವಿಕ್ರಮನು ಬಿಟ್ಟು ಹೊರಡುತ್ತಾನೆ. ಕೊನೆಗೆ 1076ರಲ್ಲಿ ಅವನನ್ನು ಇಳಿಸಿ ಸಿಂಹಾಸನವೇರುತ್ತಾನೆ. ಕಾವ್ಯವನ್ನು ಬರೆಯಿಸಿಕೊಂಡವನೂ ಈ ವಿಕ್ರಮನೇ. ತಂದೆಯ ಮನಸ್ಸು ಕೊನೆಯವರೆಗೂ ಸ್ವಸ್ಥವಾಗಿದ್ದರೆ ಮಾತ್ರ, ಕಿರಿಯ ಮಗನಿಗೇ ರಾಜ್ಯ ಸಲ್ಲಬೇಕೆಂದು ಅವನು ಬಯಸಿದ್ದನೆಂಬ ಕವಿಯ ಮಾತಿಗೆ ಬೆಲೆ. ಅಣ್ಣನ ಮನಸ್ಸು ಅಸ್ವಸ್ಥವಾಗಿದ್ದರೆ ಮಾತ್ರ ತಮ್ಮನ ಕಾರ್ಯಕ್ಕೆ ಸಮರ್ಥನೆ. ಇಬ್ಬರ ಮನಸ್ಸಿನ ಚಿತ್ರಗಳೂ ಮೂರನೆಯವನ ಸಿಂಹಾಸನವನ್ನು ಹೊತ್ತು ನಿಂತಿವೆ. ಇದರಿಂದ ಬಿಲ್ಹಣನ ಕವಿತ್ವಕ್ಕೆ ಕುಂದಿಲ್ಲ. ಆದರೆ ಅವನ ವರ್ಣನೆಯನ್ನು ಶಾಸನದ ಸಾಕ್ಷ್ಯದೊಡನೆ ಬೆರೆಸಿ ಒಂದೇ ವಾಕ್ಯದಲ್ಲಿ ಬರೆಯುವ ರೂಢಿಯನ್ನು ನಾವು ಬಿಡಬೇಕಾಗಿದೆ.

6

ಈ ಹಿನ್ನೆಲೆಯಿಂದ ರೋಮ್‌ನತ್ತ ನೋಡಬಹುದು. ಕಲಿಗುಲನು ಕ್ರಿ.ಶ. 37ರ ಮಾರ್ಚ್‌ನಲ್ಲಿ, 24ನೆಯ ವಯಸ್ಸಿನಲ್ಲಿ, ಪ್ರಜೆಗಳ ಅಪಾರ ಹರ್ಷದ ನಡುವೆ ಚಕ್ರವರ್ತಿಯಾದನು. ಅದೇ ವರ್ಷದ ಶರತ್ಕಾಲದಲ್ಲಿ ಭಾರಿ ಕಾಯಿಲೆಗೆ ಬಿದ್ದನು. ಜನ ಅರಮನೆಯ ಸುತ್ತ ರಾತ್ರಿಯಿಡೀ ಕಾದರು. ಗುಣವಾಗಿ ಎದ್ದವನು ಬೇರೆಯೇ ಮನುಷ್ಯನಾಗಿದ್ದನೆಂಬುದು ಪ್ರಸಿದ್ಧವಾದ ಕಥೆ. ಹಿಂದಿನ ಚಕ್ರವರ್ತಿಯ ಮೊಮ್ಮಗ ಗೆಮೆಲ್ಲಸ್, ಅಂಗರಕ್ಷಕದಳದ ಮುಖ್ಯಸ್ಥ ಮ್ಯಾಕ್ರೊ, ಮಾವ ಸಿಲಾನಸ್ ಒಬ್ಬರ ಹಿಂದೊಬ್ಬರು ನಾಶವಾದರು. 41ರ ಜನವರಿಯಲ್ಲಿ ತನ್ನ ಅಂಗರಕ್ಷಕರಿಂದಲೇ ಅವನು ಹತನಾದನು.

ಈ ಕಾಯಿಲೆಯನ್ನು ಅಪಸ್ಮಾರ, ಮಿದುಳಿನ ಉರಿಯೂತ, ಥೈರಾಯ್ಡ್ ಗ್ರಂಥಿಯ ವಿಕಾರ, ಸೀಸದ ವಿಷ ಎಂದು ಆಧುನಿಕರು ಬಗೆಬಗೆಯಾಗಿ ಊಹಿಸಿದ್ದಾರೆ. ಆದರೆ ಆಕರಗಳು ಎಂಥವು? ಅಲೆಕ್ಸಾಂಡ್ರಿಯದ ಯಹೂದಿಗಳ ನಿಯೋಗದೊಡನೆ ಹೋಗಿ ಕಲಿಗುಲನನ್ನು ಕಣ್ಣಾರೆ ಕಂಡ ಫೈಲೋ, ಭೋಗದಿಂದ ಕಾಯಿಲೆ ಬಂದಿತೆನ್ನುತ್ತಾನೆ; ಆದರೆ ಅವನು ಅಪಮಾನಿತನಾಗಿ ಮರಳಿದವನು. ಬಾಲ್ಯದ ಅಪಸ್ಮಾರವನ್ನೂ ನಿದ್ರಾಹೀನತೆಯನ್ನೂ ದಾಖಲಿಸಿದ ಸ್ಯೂಟೋನಿಯಸ್ ಬರೆದದ್ದು ಸುಮಾರು ಎಂಬತ್ತು ವರ್ಷಗಳ ಅನಂತರ. ಡಿಯೋ ಕ್ಯಾಸಿಯಸ್ ಇನ್ನೂ ಒಂದು ಶತಮಾನ ಈಚಿನವನು. ಟ್ಯಾಸಿಟಸನ ಗ್ರಂಥದಲ್ಲಿ ಕಲಿಗುಲನ ಆಳಿಕೆಯ ಭಾಗವೇ ನಷ್ಟವಾಗಿದೆ. ಇನ್ನು ಕೊಲೆಯಾದ ಮೂವರೂ, ಚಕ್ರವರ್ತಿ ಹಾಸಿಗೆ ಹಿಡಿದಾಗ ಮುಂದಿನ ಉತ್ತರಾಧಿಕಾರದ ದೃಷ್ಟಿಯಿಂದ ಮಹತ್ವದ ಸ್ಥಾನದಲ್ಲಿದ್ದವರು. ಹಾಗಾದರೆ ಆ ಕೊಲೆಗಳು ಕೆಟ್ಟ ಮಿದುಳಿನ ಕೆಲಸವೋ, ತಾನು ಸತ್ತರೆ ಏನಾಗುತ್ತಿತ್ತೆಂಬುದನ್ನು ಹಾಸಿಗೆಯಿಂದ ಕಂಡವನ ನಿರ್ದಯವಾದ ಲೆಕ್ಕಾಚಾರವೋ? ಎರಡನೆಯದೂ ರೋಗದ ಪರಿಣಾಮವೇ. ಆದರೆ ಅದು ಹುಚ್ಚಲ್ಲ. ಹುಚ್ಚೆಂದರೆ, ಅವನಿಗೆ ಅಂಥ ಅಧಿಕಾರವನ್ನು ಕೊಟ್ಟು ಸಂಭ್ರಮಿಸಿದ ಸೆನೆಟ್ಟಿನ ಹೊಣೆ ಕಡಿಮೆಯಾಗುತ್ತದೆ.

7

ಇಷ್ಟನ್ನು ಗಮನಿಸಿದಾಗ ಸಂಶೋಧನೆಯ ವಿದ್ಯಾರ್ಥಿ ಮೂರು ಪ್ರಶ್ನೆಗಳನ್ನು ರೂಢಿಸಿಕೊಳ್ಳಬಹುದೆನಿಸುತ್ತದೆ. ರೋಗಕ್ಕೆ ಮುಂಚಿನ ಮತ್ತು ಅನಂತರದ ಕಾರ್ಯಗಳಿಗೆ ಸಮಕಾಲೀನ ದಾಖಲೆ ಇದೆಯೇ? ಮನಸ್ಸಿನ ಸ್ಥಿತಿಯನ್ನು ಹೇಳುತ್ತಿರುವವನು ಯಾರ ಆಶ್ರಯದಲ್ಲಿ ಅಥವಾ ಯಾವ ನೋವಿನಲ್ಲಿ ಬರೆದವನು? ಆ ವಿವರಣೆಯನ್ನು ಒಪ್ಪಿದರೆ ಹೊಣೆಯಿಂದ ಪಾರಾಗುವವರು ಯಾರು?

ಈ ಪ್ರಶ್ನೆಗಳಿಂದ ರೋಗದ ಹೆಸರು ತಿಳಿಯದೆ ಹೋಗಬಹುದು. ಆದರೆ ಎರಡು ಅನ್ಯಾಯಗಳಾದರೂ ತಪ್ಪುತ್ತವೆ. ಒಂದು, ಕ್ರೌರ್ಯವನ್ನು ಕಾಯಿಲೆಯ ಲೆಕ್ಕಕ್ಕೆ ಬರೆದು ಕ್ರೂರನನ್ನೂ ಅವನ ಪರಿವಾರವನ್ನೂ ಮನ್ನಿಸುವುದು. ಇನ್ನೊಂದು, ಕಾಯಿಲೆಯವನ ಮಾತನ್ನು ಕಾಯಿಲೆಯ ಮಾತೆಂದು ಕಿವಿಗೆ ಹಾಕಿಕೊಳ್ಳದಿರುವುದು. ಈ ಎರಡನೆಯ ಅನ್ಯಾಯ ಅರಮನೆಗಳಲ್ಲಿ ಮಾತ್ರ ನಡೆಯುವುದಲ್ಲ. ನಮ್ಮ ಮನೆಗಳ ಹಿರಿಯರ ಹಾಸಿಗೆಯ ಪಕ್ಕದಲ್ಲಿಯೂ ನಡೆಯುತ್ತದೆ. ಶನಿವಾರವಾಡೆಯ ಮರದ ಅಂತಸ್ತುಗಳು 1828ರ ಬೆಂಕಿಯಲ್ಲಿ ಸುಟ್ಟುಹೋದವು; ಸವಾಯಿ ಮಾಧವರಾಯನು ಬಿದ್ದ ಎತ್ತರ ಈಗ ಅಲ್ಲಿಲ್ಲ. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಕಲ್ಲಿನ ತಳಪಾಯವನ್ನೂ ಒಣಗಿದ ಕಾರಂಜಿಯನ್ನೂ ನೋಡಿ, ಅವನಿಗೆ ಯಾವ ಕಾಯಿಲೆಯಿತ್ತೆಂದು ಕೇಳುತ್ತಾರೆ. ಆ ಎರಡು ದಿನ ಅವನ ಮಾತನ್ನು ಯಾರು ಕೇಳಿಸಿಕೊಂಡರೆಂದೂ ಅವರು ಕೇಳಬೇಕೆಂಬುದು ನನ್ನ ಅಪೇಕ್ಷೆ.