ಕಡಿಮೆ ಖರ್ಚಿನ ಊಟ, ಕಸುವುಳ್ಳ ಊಟ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಾವು ಪ್ರತಿವರ್ಷ ಪರೀಕ್ಷೆಯಲ್ಲಿ ಕೇಳುತ್ತೇವೆ. ಮಕ್ಕಳು ಬರೆಯುತ್ತಾರೆ: ಹಾಲು, ಹಣ್ಣು, ಹಸಿರು ತರಕಾರಿ ತಿನ್ನಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಅತಿಯಾಗಿ ಉಣ್ಣಬಾರದು. ಉತ್ತರ ಸರಿಯಾದುದೇ. ನಾವು ಅಂಕ ಕೊಟ್ಟು ಮುಂದಿನ ಉತ್ತರಪತ್ರಿಕೆಗೆ ಹೋಗುತ್ತೇವೆ.

ಕೆಲವು ವರ್ಷಗಳ ಹಿಂದೆ ಆ ಪ್ರಶ್ನೆಗೆ ಐದಕ್ಕೆ ಐದು ಅಂಕ ಪಡೆದ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಮುಂಜಾನೆಯ ಪ್ರಾರ್ಥನೆಯ ವೇಳೆಗೆ ಕಣ್ಣಿಗೆ ಕತ್ತಲೆ ಬಂದು ಕುಸಿದಳು. ನೀರು ಕುಡಿಸಿ, ನೆರಳಿಗೆ ಕೂರಿಸಿ, "ಮುಂಜಾನೆ ಏನು ತಿಂದೆ ಮಗಳೇ?" ಎಂದು ಕೇಳಿದೆವು. "ಚಹಾ, ಖಾರಿ" ಎಂದಳು. "ನಿನ್ನೆ ರಾತ್ರಿ?" "ರೊಟ್ಟಿ, ಖಾರ." ಎಂಟನೆಯ ತರಗತಿಯವರೆಗೆ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಂಟು, ಒಂಬತ್ತಕ್ಕೆ ಬಂದ ಕೂಡಲೇ ಅದೂ ನಿಂತಿತ್ತು. ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಂಟರ ಆಸುಪಾಸಿನಲ್ಲಿತ್ತು. ಅವಳ ವಯಸ್ಸಿನ ಹುಡುಗಿಗೆ ಹನ್ನೆರಡಾದರೂ ಇರಬೇಕು. ಇದು ಅವಳೊಬ್ಬಳ ಕಥೆಯಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ನೂರು ಮಹಿಳೆಯರಲ್ಲಿ ೫೭ ಮಂದಿಗೆ ರಕ್ತಹೀನತೆ ಇದೆ.

ಮರುದಿನ ಅವಳ ತಾಯಿ ಶಾಲೆಗೆ ಬಂದರು. ನಾವು ನಮ್ಮ ಅಭ್ಯಾಸದಂತೆ ಉಪದೇಶಕ್ಕೆ ತೊಡಗಿದೆವು: ಬೇಳೆ ಮಾಡಬೇಕು, ಸೊಪ್ಪು ಮಾಡಬೇಕು. ಆ ತಾಯಿ ಎಲ್ಲವನ್ನೂ ಕೇಳಿ, "ಎಲ್ಲಾ ಗೊತ್ತದರಿ ಗುರುಜಿ. ಬ್ಯಾಳಿ ಮಾಡ್ತೀವ್ರಿ. ಗಂಡಸರು, ಹುಡುಗರು ಉಂಡ ಮ್ಯಾಲೆ ತಳದಾಗ ಎಷ್ಟು ಉಳೀತದ್ರಿ? ಮೊದಲ ಹೊಲದಾಗ ಹೆಸರು, ಉದ್ದು, ತೊಗರಿ ಎಲ್ಲಾ ಬರ್ತಿತ್ತು. ಈಗ ಸೋಯಾಬೀನ್ ಮಾರಿ ಬ್ಯಾಳಿ ಕೊಳ್ಳಬೇಕು" ಎಂದರು. ನಾವು ಸುಮ್ಮನಾದೆವು. ಈ ಲೇಖನವು ಆ ತಾಯಿಯ ಮಾತಿಗೆ ನಾವು ಅಂದು ಕೊಡಲಾಗದ ಉತ್ತರವೆಂದು ತಿಳಿಯಿರಿ.

ನಮ್ಮ ಸೀಮೆಯ ಅಡಿಗೆಯೇನು ಬಡ ಅಡಿಗೆಯಲ್ಲ. ಉದಗೀರ ಮತ್ತು ನಿಲಂಗಾ ತಾಲೂಕುಗಳು ೧೯೫೬ರ ರಾಜ್ಯ ಪುನರ್‌ರಚನೆಯವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಉಮರ್ಗಾ ಆಗಲೂ ಉಸ್ಮಾನಾಬಾದ ಜಿಲ್ಲೆಯಲ್ಲಿತ್ತು, ಆ ಜಿಲ್ಲೆಗೆ ಈಗ ಧಾರಾಶಿವ ಎಂಬ ಹೆಸರು. ಗಡಿ ಅತ್ತಿತ್ತ ಸರಿದರೂ ಒಲೆ ಸರಿಯಲಿಲ್ಲ. ನಾವು ರೊಟ್ಟಿ ಎಂದುದನ್ನು ನೆರೆಯವರು ಭಾಕರಿ ಎಂದರು. ಪುಂಡಿ ಅಂಬಾಡಿಯಾಯಿತು, ಅಗಸಿ ಜವಸವಾಯಿತು, ಗುರೆಳ್ಳು ಕಾರಳವಾಯಿತು, ನುಗ್ಗೆ ಶೇವಗಾ ಆಯಿತು. ಎರಡು ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಒಂದೇ ಚಟ್ನಿಗೆ ಎರಡೆರಡು ಹೆಸರು ಗೊತ್ತು. ರುಚಿ ಮಾತ್ರ ಒಂದೇ.

ಈ ಅಡಿಗೆಯ ಬುಡದಲ್ಲಿರುವುದು ಜೋಳ. ನೂರು ಗ್ರಾಂ ಜೋಳದಲ್ಲಿ ಸುಮಾರು ಹತ್ತು ಗ್ರಾಂ ಸಸಾರಜನಕ, ಅಂದರೆ ಈಗ ಎಲ್ಲರೂ ಪ್ರೋಟೀನು ಎನ್ನುವುದು, ಇರುತ್ತದೆ. ಅಕ್ಕಿಯಲ್ಲಿ ಏಳೆಂಟು ಗ್ರಾಂ ಮಾತ್ರ. ಕಬ್ಬಿಣಾಂಶವೂ ನಾರೂ ಜೋಳದಲ್ಲಿ ಹೆಚ್ಚು. ವಿಶ್ವಸಂಸ್ಥೆ ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣದವರು ಜೋಳದ ರೊಟ್ಟಿಯನ್ನು ಹೊಸದಾಗಿ ಕಂಡಂತೆ ಹೊಗಳಿದರು. ಒಳ್ಳೆಯದೇ. ಆದರೆ ಜೋಳವೊಂದೇ ಸಾಲದು ಎಂಬುದನ್ನು ಯಾರೂ ಅಷ್ಟು ಗಟ್ಟಿಯಾಗಿ ಹೇಳಲಿಲ್ಲ.

ಇದಕ್ಕೆ ಆಧಾರ ನಮ್ಮ ದಖ್ಖನ್ನಿನದೇ. ಹೈದರಾಬಾದಿನ ಸುತ್ತಿನಲ್ಲಿ ಜೋಳವನ್ನೇ ಮುಖ್ಯವಾಗಿ ಉಣ್ಣುತ್ತಿದ್ದ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸುತ್ತಿತ್ತು. ಬಿಸಿಲು ತಾಗುವ ಕೈಕಾಲು, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿಯಾಗುವುದು, ಬುದ್ಧಿ ಮಂಕಾಗುವುದು ಅದರ ಲಕ್ಷಣಗಳು. ನಯಾಸಿನ್ ಎಂಬ ಜೀವಸತ್ವದ ಕೊರತೆಯೇ ಕಾರಣ. ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಾಂತಿಯಾ ಅವರು ೧೯೬೦ರಲ್ಲಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಾಗಿರುವುದರಿಂದ ಈ ಜೀವಸತ್ವದ ಲಾಭ ದೇಹಕ್ಕೆ ಕಡಿಮೆಯಾಗುತ್ತದೆಂಬ ವಿಚಾರವನ್ನು ಮುಂದಿಟ್ಟರು. ಆ ಚರ್ಚೆ ವಿಜ್ಞಾನಿಗಳಿಗಿರಲಿ. ನಮಗೆ ಬೇಕಾದ ಸಂಗತಿ ಇಷ್ಟೇ: ಅದೇ ಜೋಳವನ್ನು ಬೇಳೆ, ಶೇಂಗಾ, ಮಜ್ಜಿಗೆ, ಸೊಪ್ಪಿನೊಡನೆ ಉಣ್ಣುವವರಿಗೆ ಆ ರೋಗದ ಭಯವಿಲ್ಲ. ಶೇಂಗಾದಲ್ಲಿಯಂತೂ ನಯಾಸಿನ್ ಧಾರಾಳವಾಗಿದೆ. ನಮ್ಮ ಅಜ್ಜಿಯಂದಿರು ರೊಟ್ಟಿಯ ಪಕ್ಕಕ್ಕೆ ಶೇಂಗಾ ಹಿಂಡಿ ಇಟ್ಟದ್ದು ನಾಲಗೆಯ ಚಪಲಕ್ಕೆ ಮಾತ್ರವಲ್ಲ ಎಂದಾಯಿತು.

ಕೈ ಬಿಗಿಯಾದಾಗ ಮನೆಯಲ್ಲಿ ಮೊದಲು ಬಿಡುವುದು ಯಾವುದು? ರೊಟ್ಟಿಯಲ್ಲ, ಚಹಾ ಅಲ್ಲ. ರೊಟ್ಟಿಯ ಜೊತೆಗಿನ ಬೇಳೆ, ಸೊಪ್ಪು. ಬೇಳೆಗೆ ನೀರು ಹೆಚ್ಚಾಗುತ್ತದೆ, ಬರಬರುತ್ತ ಬರಿಯ ಖಾರ ಉಳಿಯುತ್ತದೆ. ಹೊಟ್ಟೆ ತುಂಬಿದಂತೆ ತೋರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಲಾತೂರು, ಉದಗೀರದ ದಾಲ್ ಮಿಲ್ಲುಗಳಿಂದ ಲಾರಿ ಲಾರಿ ಬೇಳೆ ನಮ್ಮೂರ ದಾರಿಯಲ್ಲೇ ಹೊರಗೆ ಹೋಗುತ್ತಿರುವಾಗ, ಆ ದಾರಿಯ ಬದಿಯ ಮನೆಯಲ್ಲಿ ಬೇಳೆಯಿಲ್ಲ!

ಬೇಳೆಗೆ ರೊಕ್ಕವೆಲ್ಲಿ ಎಂಬುದು ನಿಜವಾದ ಪ್ರಶ್ನೆ. ನಾವು ತರಗತಿಯಲ್ಲಿ ಒಮ್ಮೆ ಒಂದು ಲೆಕ್ಕ ಮಾಡಿಸಿದೆವು. (ಕನ್ನಡದ ತಾಸಿನಲ್ಲಿ ಲೆಕ್ಕವೇ ಎಂದು ಗಣಿತದ ಗುರುಗಳು ನಕ್ಕರು.) ಮಕ್ಕಳು ಕೊಳ್ಳುವ ಐದು ರೂಪಾಯಿಯ ಚಿಪ್ಸ್ ಪಾಕೀಟಿನ ಬೆನ್ನ ಮೇಲೆ ತೂಕ ಅಚ್ಚಾಗಿರುತ್ತದೆ. ಅದು ೨೦ ಗ್ರಾಂ ಎಂದು ಹಿಡಿದರೂ ಕಿಲೋಕ್ಕೆ ೨೫೦ ರೂಪಾಯಿಯಾಯಿತು. ಎಷ್ಟೋ ಪಾಕೀಟುಗಳಲ್ಲಿ ಅಷ್ಟೂ ಇರುವುದಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು ತಿಂಗಳಿಗೆ ೨೫ ದಿನ ದಿನಕ್ಕೊಂದೊಂದು ಪಾಕೀಟು ತಿಂದರೆ ೨೫೦ ರೂಪಾಯಿ ಹೋಯಿತು. ಬಾಜಾರದ ದರ ಏರಲಿ ಇಳಿಯಲಿ, ಆ ಹಣಕ್ಕೆ ಒಂದು ಕಿಲೋಕ್ಕಿಂತ ಹೆಚ್ಚು ತೊಗರಿಬೇಳೆ ಬರುತ್ತದೆ. ಚಹಾದ ಲೆಕ್ಕವೂ ಹೀಗೆಯೇ. ಐದು ಜನ ದಿನಕ್ಕೆರಡು ಸಲ, ಪ್ರತಿ ಕಪ್ಪಿಗೆ ಹತ್ತು ಗ್ರಾಂ ಸಕ್ಕರೆ ಹಾಕಿ ಕುಡಿದರೆ ತಿಂಗಳಿಗೆ ಮೂರು ಕಿಲೋ ಸಕ್ಕರೆ! ಚಹಾ ಬಿಡಿರೆಂದು ನಾವು ಹೇಳುವುದಿಲ್ಲ, ನಮಗೇ ಬಿಡಲಾಗಿಲ್ಲ. ಆದರೆ ಊಟದ ಜೊತೆಗೆ, ಊಟವಾದ ಕೂಡಲೇ ಚಹಾ ಬೇಡ. ಚಹಾದ ಒಗರು ಊಟದಲ್ಲಿಯ ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಮುಂಜಾನೆ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುವ ರೂಢಿ ಈ ಕಾರಣಕ್ಕಾಗಿ ಕೆಟ್ಟದ್ದು. ಅದರ ಬದಲು ಒಂದು ನಿಂಬೆಹೋಳು, ಹಸಿ ಉಳ್ಳಾಗಡ್ಡಿ, ಪೇರಲಹಣ್ಣು ಜೊತೆಗಿದ್ದರೆ ಅದೇ ಕಬ್ಬಿಣ ಹೆಚ್ಚು ಹತ್ತುತ್ತದೆ.

ಐದು ಜನರ ಮನೆಗೆ ಒಂದು ದಿನದ ಅಡಿಗೆಯನ್ನು ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಹಾರ ಸಂಸ್ಥೆಯವರು ಸೂಚಿಸುವ ದಿನದ ತಟ್ಟೆಯಲ್ಲಿ ೨೫೦ ಗ್ರಾಂ ಧಾನ್ಯಕ್ಕೆ ೮೫ ಗ್ರಾಂ ಬೇಳೆಕಾಳು ಇದೆ. ತಾಯಂದಿರು ನೆನಪಿಡಲು, ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ ಎಂದರೆ ಸಾಕು. ಮೂರು ಹಿಡಿಗೆ ಒಂದು ಹಿಡಿ. ಹೊಲದಲ್ಲಿ ದುಡಿಯುವವರಿಗೆ ಎರಡೂ ಹೆಚ್ಚು ಬೇಕು, ಪ್ರಮಾಣ ಮಾತ್ರ ಅದೇ. ಈ ಒಂದು ಪಾಲು ತೊಗರಿಯೇ ಆಗಬೇಕೆಂಬ ನಿಯಮವಿಲ್ಲ. ಮಡಕಿ, ಹುರುಳಿ, ಕಡಲೆ ಯಾವುದು ಅಗ್ಗವೋ ಅದು.

ಮುಂಜಾನೆ ಅಂಬಲಿ: ಹಿಂದಿನ ರಾತ್ರಿ ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಟ್ಟು, ಬೆಳಿಗ್ಗೆ ನೀರು, ಉಪ್ಪು ಹಾಕಿ ಕುದಿಸಿ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ ಸೇರಿಸಿದರಾಯಿತು. ಹುಳಿ ಬಂದುದರಿಂದ ಜೋಳದಲ್ಲಿಯ ಖನಿಜಗಳು ದೇಹಕ್ಕೆ ಸುಲಭವಾಗಿ ದೊರೆಯುತ್ತವೆ. ಖಾರಿ ತರುವ ಹಣದಲ್ಲಿ ಇದು ಮನೆಮಂದಿಗೆಲ್ಲ ಆಗುತ್ತದೆ. ಜೊತೆಗೆ ಒಂದೊಂದು ಹಿಡಿ ಹುರಿದ ಶೇಂಗಾ, ಒಂದು ತುಣುಕು ಬೆಲ್ಲ.

ಮಧ್ಯಾಹ್ನಕ್ಕೆ ರೊಟ್ಟಿ ಮತ್ತು ಪುಂಡಿಪಲ್ಲೆ. ಪುಂಡಿಪಲ್ಲೆಯ ವಿಷಯವಾಗಿ ನಾವು ಸ್ವಲ್ಪ ಹೆಚ್ಚು ಬರೆದರೆ ಓದುಗರು ಕ್ಷಮಿಸಬೇಕು. ಎಲೆ ಬಿಡಿಸಿ ತೊಳೆದು ಒಮ್ಮೆ ಕುದಿಸಿ ಹುಳಿನೀರು ಸ್ವಲ್ಪ ಬಸಿಯಬೇಕು. ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಒಂದು ಹಿಡಿ ಶೇಂಗಾ ಕೂಡಿಸಿ ಮೆತ್ತಗೆ ಬೇಯಿಸಿ, ಸೊಪ್ಪು ಸೇರಿಸಿ ಕಡಗೋಲಿನಿಂದ ಮಸೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಡಬೇಕು. ಧಾನ್ಯ, ಬೇಳೆ, ಎಣ್ಣೆಕಾಳು, ಸೊಪ್ಪು ನಾಲ್ಕೂ ಒಂದೇ ಗಡಿಗೆಯಲ್ಲಿ! ಎರಡು ದಿನ ಕೆಡುವುದಿಲ್ಲ. ಇದನ್ನು ಬಡವರ ಪಲ್ಲೆ ಎಂದು ಬುತ್ತಿಯಲ್ಲಿ ತರಲು ನಾಚುವ ಮಕ್ಕಳನ್ನು ನಾವು ಬಲ್ಲೆವು. ನಾಚಿಕೆಯ ಕಾರಣ ನಮಗಿನ್ನೂ ತಿಳಿದಿಲ್ಲ.

ರಾತ್ರಿಗೆ ಮೊಳಕೆಯ ಮಡಕಿ ಪಲ್ಲೆ, ಇಲ್ಲವೆ ಕಡಲೆಹಿಟ್ಟಿನ ಝುಣಕ, ರೊಟ್ಟಿ, ರೇಶನ್ ಅಕ್ಕಿಯ ಸ್ವಲ್ಪ ಅನ್ನ, ತಿಳಿ ಮಜ್ಜಿಗೆ. ಮೊಳಕೆ ಬಂದ ಕಾಳಿನಲ್ಲಿ ಸಿ ಜೀವಸತ್ವ ಹುಟ್ಟುತ್ತದೆ, ಬೇಯಲು ಉರುವಲೂ ಕಡಿಮೆ. ತತ್ತಿ ತಿನ್ನುವವರ ಮನೆಯಲ್ಲಿ ವಾರಕ್ಕೆರಡು ಸಲ ಮಕ್ಕಳಿಗೆ ತತ್ತಿ ಕೊಟ್ಟರೆ ಇನ್ನೂ ಒಳ್ಳೆಯದು. ಹಾಲು ಕೊಳ್ಳಲಾಗದವರು ಎಳ್ಳು, ನುಗ್ಗೆಸೊಪ್ಪನ್ನು ಮರೆಯಬಾರದು. ತೂಕಕ್ಕೆ ತೂಕ ಹಿಡಿದರೆ ನುಗ್ಗೆಸೊಪ್ಪಿನಲ್ಲಿ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು ಸುಣ್ಣದಂಶವಿದೆ. ಅಗಸಿ, ಗುರೆಳ್ಳಿನ ಚಟ್ನಿಪುಡಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ.

ಇನ್ನು ಅಡಿಗೆಯಲ್ಲಿ ಸೋರಿಹೋಗುವುದನ್ನು ತಡೆಯುವ ಮಾತು. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯಬಾರದು, ತೊಳೆದು ಹೆಚ್ಚಬೇಕು. ಬೇಳೆಯನ್ನು ಅರ್ಧ ತಾಸು ನೆನೆಹಾಕಿದರೆ ಬೇಗ ಬೇಯುತ್ತದೆ. ಬೇಗ ಬೇಯಲೆಂದು ಸೋಡಾ ಹಾಕಿದರೆ ಬಿ ಗುಂಪಿನ ಜೀವಸತ್ವ ಹಾಳಾಗುತ್ತದೆ. ಹೋಳಿಗೆಗೆ ಬೇಯಿಸಿದ ಕಡಲೆಬೇಳೆಯ ನೀರನ್ನು ನಾವು ಚೆಲ್ಲದೆ ಕಟ್ಟಿನ ಸಾರು ಮಾಡುತ್ತೇವಲ್ಲ, ಆ ಬುದ್ಧಿ ದಿನದ ಅಡಿಗೆಗೂ ಬೇಕು. ಸೋಯಾಬೀನ್ ಬೆಳೆಯುವವರು ಅದರ ಒಂದು ಪಾಲನ್ನು ಮನೆಗೆ ಇಟ್ಟುಕೊಳ್ಳಬಹುದು: ಕುದಿಯುವ ನೀರಿನಲ್ಲಿ ಅರ್ಧ ತಾಸು ಬೇಯಿಸಿ, ಒಣಗಿಸಿ, ಹತ್ತು ಕಿಲೋ ಜೋಳ ಅಥವಾ ಗೋದಿಗೆ ಒಂದು ಕಿಲೋದಂತೆ ಬೀಸಿಸಬೇಕು. ಹಸಿಯಾಗಿ ಬೀಸಿಸಬಾರದು, ಅದು ಜೀರ್ಣವಾಗುವುದಿಲ್ಲ.

ನಮ್ಮ ತಾಯಿಯವರು ೧೯೭೨ರ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದವರು. ಅಮೆರಿಕದಿಂದ ಬಂದ ಮಿಲೋ ಎಂಬ ಕೆಂಪು ಜೋಳದ ರೊಟ್ಟಿ, ಕೆಲಸದ ಜಾಗದಲ್ಲಿ ಹಂಚುತ್ತಿದ್ದ ಸುಕಡಿ ಇವುಗಳ ಮಾತು ಬಂದರೆ ಇಂದಿಗೂ ಮುಖ ಸಿಂಡರಿಸುತ್ತಾರೆ. ಆದರೆ ಬದುವಿನಲ್ಲಿ ಹುಟ್ಟುವ ಹತ್ತರಕಿ, ಗೋಳಿಪಲ್ಲೆ, ಎಳೆಯ ಕುಸುಬಿಸೊಪ್ಪಿನ ಮಾತು ಬಂದರೆ ಮುಖ ಅರಳುತ್ತದೆ. "ಅವು ಇದ್ದವು ಅಂತ ನಾವು ಉಳಿದೆವು" ಎನ್ನುತ್ತಾರೆ. ಈಗ ಕಳೆನಾಶಕ ಹೊಡೆದ ಹೊಲದಲ್ಲಿ ಆ ಸೊಪ್ಪು ಕೀಳಬಾರದು. ಹಾಗೆ ಕೀಳಲು ಉಳಿದಿರುವುದೂ ಕಡಿಮೆಯೇ.

ಮರಾಠಿ ನೆರೆಯವರು ಯೆಳವಸ್, ವೇಳಾ ಅಮಾವಾಸ್ಯಾ ಎನ್ನುವ ನಮ್ಮ ಎಳ್ಳಮವಾಸ್ಯೆಯ ದಿನ ಹೊಲದಲ್ಲಿ ಕುಳಿತು ಉಣ್ಣುವ ಭಜ್ಜಿಯನ್ನು ನೆನೆಯಿರಿ. ಹಸಿ ತೊಗರಿ, ಬಟಾಣಿ, ಅವರೆ, ಕಡಲೆಸೊಪ್ಪು, ಬದನೆ, ಹುಣಸೆ, ಕಡಲೆಹಿಟ್ಟು. ಜೊತೆಗೆ ಸಜ್ಜೆರೊಟ್ಟಿ, ಅಂಬಲಿ. ಅಂದು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂಡುತ್ತಾರೆ, ಹೆಂಗಸರು ಮಕ್ಕಳೆಂಬ ಹಿಂದುಮುಂದಿಲ್ಲ. ವರ್ಷದ ಉಳಿದ ದಿನಗಳಲ್ಲಿ ಏಕೆ ಹಾಗಿಲ್ಲ?

ಆ ವಿದ್ಯಾರ್ಥಿನಿಯ ತಂದೆಯವರನ್ನು ನಾವು ಕರೆಸಿ ಕೇಳಿದ್ದು ಇದನ್ನೇ. ಅವರು ಕೆಟ್ಟವರಲ್ಲ, ಗಮನಿಸಿರಲಿಲ್ಲ ಅಷ್ಟೆ. ಅಂದಿನಿಂದ ಅವರ ಮನೆಯಲ್ಲಿ ಬೇಳೆಯನ್ನು ಉಣ್ಣುವ ಮೊದಲೇ ಐದು ಬಟ್ಟಲಿಗೆ ಬಡಿಸಿಡುವ ರೂಢಿಯಾಯಿತು. ಸೋಯಾಬೀನಿನ ನಡುವೆ ತೊಗರಿಯ ಅಕ್ಕಡಿ ಸಾಲು, ಬದುವಿನಗುಂಟ ಪುಂಡಿ ಹಾಕಿದರು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಗುಳಿಗೆಯನ್ನು ಹುಡುಗಿ ತಪ್ಪಿಸಲಿಲ್ಲ. ದವಾಖಾನೆಯವರು ಬೇರೆ ಗುಳಿಗೆಯನ್ನೂ ಕೊಟ್ಟಿದ್ದರು. ಹತ್ತನೆಯ ತರಗತಿಯ ದೀಪಾವಳಿಯ ಹೊತ್ತಿಗೆ ರಕ್ತ ಹನ್ನೊಂದಕ್ಕೆ ಬಂದಿತ್ತು.

ಶಾಲೆ ಬಿಡುವಾಗ ಅವಳು ಒಂದು ಚೀಲ ಪುಂಡಿಬೀಜ ತಂದುಕೊಟ್ಟಳು. ಅದನ್ನು ಶಾಲೆಯ ಹಿತ್ತಲಲ್ಲಿ ಬೆಳೆಸಿ ಪ್ರತಿವರ್ಷ ಬೀಜ ಹಿಡಿಯುತ್ತಿದ್ದೇವೆ. ಬೇಕಾದ ಪಾಲಕರು ಮಿರಗ ಮಳೆಗೆ ಮೊದಲು ಬಂದು ಒಯ್ಯಬಹುದು. ಒಂದು ಮುಷ್ಟಿ ಬೀಜ ಒಂದು ಬದುವಿಗೆ ಸಾಕಾಗುತ್ತದೆ.