ಟಿಕೆಟ್ ದುಡ್ಡಿಗೆ ಸಾಲದ ಸಂಗೀತ: ಸಿಂಫನಿ ವಾದ್ಯವೃಂದದ ಜಮಾಖರ್ಚು

ಆರ್ಕೆಸ್ಟ್ರಾ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಗಣೇಶನ ಪೆಂಡಾಲು, ಕೀಬೋರ್ಡು, ಹಳೆಯ ಚಿತ್ರಗೀತೆ ಹಾಡುವ ಗಾಯಕರು. ನಾನು ನಿಮಗೆ ಪರಿಚಯಿಸಲು ಹೊರಟಿರುವುದು ಬೇರೊಂದನ್ನು: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಿಂಫನಿ ವಾದ್ಯವೃಂದವನ್ನು. ನೀವು ಈ ಸಂಗೀತವನ್ನು ಒಮ್ಮೆಯೂ ಕೇಳಿರದಿದ್ದರೆ ಚಿಂತೆಯಿಲ್ಲ. ರಾಗ, ತಾಳ, ಸ್ವರಲಿಪಿ ಯಾವುದೂ ಗೊತ್ತಿರಬೇಕಾಗಿಲ್ಲ. ಇವತ್ತು ನಾವು ತೆರೆಯುವುದು ಅದರ ಜಮಾಖರ್ಚಿನ ಪುಸ್ತಕವನ್ನು. ವಾದ್ಯವೃಂದ ಯಾರಿಗಾಗಿ ನುಡಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಆ ಪುಸ್ತಕದಲ್ಲೇ ಇರುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ವೇದಿಕೆಯನ್ನು ನೋಡಿ. ಎಂಬತ್ತರಿಂದ ನೂರು ಜನ ಅರ್ಧಚಂದ್ರಾಕಾರವಾಗಿ ಕುಳಿತಿದ್ದಾರೆ. ಮುಂದಿನ ಸಾಲುಗಳಲ್ಲಿ ತಂತಿವಾದ್ಯಗಳು: ಪಿಟೀಲು, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಿಯೋಲ, ನೆಲಕ್ಕೆ ಊರಿ ನುಡಿಸುವ ಚೆಲ್ಲೊ, ಆಳೆತ್ತರದ ಡಬಲ್ ಬೇಸ್. ಅವುಗಳ ಹಿಂದೆ ಕೊಳಲು, ಓಬೋ, ಕ್ಲಾರಿನೆಟ್, ಬಸೂನ್. ಅದರಾಚೆಗೆ ಟ್ರಂಪೆಟ್, ಟ್ರಾಂಬೋನ್‌ಗಳಂಥ ಹಿತ್ತಾಳೆ ವಾದ್ಯಗಳು. ಕೊನೆಯಲ್ಲಿ ನಗಾರಿ ಮೊದಲಾದ ತಾಳವಾದ್ಯಗಳು. ಇವರನ್ನೆಲ್ಲ ಕೈಸನ್ನೆಯಿಂದ ನಡೆಸುವವರಿಗೆ ಕಂಡಕ್ಟರ್ ಎನ್ನುತ್ತಾರೆ. ನಮ್ಮ ಕಛೇರಿಯಲ್ಲಿ ಕಲಾವಿದರು ಆ ಕ್ಷಣಕ್ಕೆ ತೋಚಿದಂತೆ ರಾಗವನ್ನು ಬೆಳೆಸುತ್ತಾರೆ. ಇಲ್ಲಿ ಪ್ರತಿಯೊಬ್ಬರ ಮುಂದೆಯೂ ಬರೆದಿಟ್ಟ ಹಾಳೆ ಇರುತ್ತದೆ. ಯಾರು, ಯಾವಾಗ, ಏನನ್ನು ನುಡಿಸಬೇಕೆಂದು ರಚನಕಾರ ಮೊದಲೇ ನಿರ್ಧರಿಸಿರುತ್ತಾನೆ.

ಹಣದ ವಿಷಯ ಇಲ್ಲಿಂದಲೇ ಶುರುವಾಗುತ್ತದೆ. ಡ್ವೊರಾಕ್ ಎಂಬ ಚೆಕ್ ರಚನಕಾರ ಅಮೆರಿಕದಲ್ಲಿದ್ದಾಗ ಬರೆದ ‘ನ್ಯೂ ವರ್ಲ್ಡ್’ ಸಿಂಫನಿ 1893ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿಗೆ ಕೇಳಿಸಿತು. ಸುಮಾರು ನಲವತ್ತು ನಿಮಿಷದ ಕೃತಿ. ಅಷ್ಟರಲ್ಲಿ ಸಿಂಬಲ್, ಅಂದರೆ ಎರಡು ದೊಡ್ಡ ಕಂಚಿನ ತಟ್ಟೆಗಳ ತಾಳ, ದನಿ ಮಾಡುವುದು ಒಂದೇ ಒಂದು ಸಲ, ಅದೂ ಮೆಲ್ಲಗೆ, ಕೊನೆಯ ಭಾಗದಲ್ಲಿ. ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯಕ್ಕೆ ಎರಡನೆಯ ಭಾಗದಲ್ಲಿ ಮಾತ್ರ ಕೆಲಸ, ಕೆಲವೇ ಸ್ವರಗಳಷ್ಟು. ಹಾಗೆಂದು ಟ್ಯೂಬಾದವರಿಗೆ ಕಾಲು ಸಂಬಳ ಕೊಡುವುದಕ್ಕಾಗುತ್ತದೆಯೇ? ಅವರು ಎಲ್ಲರಂತೆ ಅಭ್ಯಾಸಕ್ಕೆ ಬರಬೇಕು, ಎಲ್ಲರಂತೆ ಬಾಡಿಗೆ ಕಟ್ಟಬೇಕು. ಅವರನ್ನು ಕೈಬಿಟ್ಟರೆ ಡ್ವೊರಾಕ್ ಬರೆದ ಕೃತಿ ಉಳಿಯುವುದಿಲ್ಲ.

ವೇದಿಕೆಯಲ್ಲಿ ಕಾಣದ ಕೈಗಳೂ ಇವೆ. ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. ವಾದ್ಯವೃಂದದ ಗ್ರಂಥಪಾಲಕರು ಸ್ವರಲಿಪಿಯ ಹಾಳೆಗಳನ್ನು ನೋಡಿಕೊಳ್ಳುವವರು. ಪಿಟೀಲಿನವರ ಕಮಾನುಗಳೆಲ್ಲ ಒಂದೇ ಸಲ ಮೇಲಕ್ಕೂ ಕೆಳಕ್ಕೂ ಹೋಗುವುದನ್ನು ನೀವು ಗಮನಿಸಿರಬಹುದು. ಅದು ತಾನಾಗಿ ಆಗುವುದಲ್ಲ. ಯಾವ ಸ್ವರಕ್ಕೆ ಕಮಾನು ಯಾವ ಕಡೆಗೆ ಎಂದು ಪಿಟೀಲು ವಿಭಾಗದ ಮುಖ್ಯಸ್ಥರು ತಮ್ಮ ಹಾಳೆಯಲ್ಲಿ ಗುರುತು ಹಾಕುತ್ತಾರೆ. ಗ್ರಂಥಪಾಲಕರು ಕುಳಿತು, ಆ ಗುರುತುಗಳನ್ನು ಉಳಿದ ಪ್ರತಿಗಳಿಗೆಲ್ಲ ಸೀಸದಕಡ್ಡಿಯಲ್ಲಿ ಇಳಿಸುತ್ತಾರೆ. ಮುಂದಿನ ಸಲ ಬೇರೆ ಕಂಡಕ್ಟರ್ ಬಂದು ಬೇರೆ ಬಗೆ ಬಯಸಿದರೆ ರಬ್ಬರಿನಿಂದ ಅಳಿಸಿ ಮತ್ತೆ ಮೊದಲಿನಿಂದ. ಇದೆಲ್ಲ ಸಂಬಳದ ಕೆಲಸ. ಇದರ ಮೇಲೆ ಸಭಾಂಗಣದ ಖರ್ಚು, ವೇದಿಕೆ ಸಿದ್ಧಪಡಿಸುವವರ ಕೂಲಿ, ಅತಿಥಿ ಕಲಾವಿದರ ಸಂಭಾವನೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಸೇರುತ್ತವೆ.

ಈ ಖರ್ಚು ಏಕೆ ವರ್ಷವರ್ಷವೂ ಏರುತ್ತದೆ ಎಂಬುದನ್ನು ವಿಲಿಯಂ ಬೌಮಾಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಈ ವಿದ್ಯಮಾನಕ್ಕೆ ‘ವೆಚ್ಚದ ರೋಗ’ ಎಂಬ ಹೆಸರು ನಿಂತಿದೆ. ನಿಧಾನವಾಗಿ ನೋಡೋಣ. ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದಾಗ ಒಬ್ಬ ಕೆಲಸಗಾರ ದಿನಕ್ಕೆ ನೇಯುವ ಬಟ್ಟೆ ಹಲವು ಪಟ್ಟು ಹೆಚ್ಚಿತು. ಅವನ ಕೂಲಿ ಏರಿದರೂ ಒಂದು ಮೀಟರ್ ಬಟ್ಟೆಯ ವೆಚ್ಚ ಏರಬೇಕಾಗಿಲ್ಲ. ಆದರೆ ನಾಲ್ವರು ನುಡಿಸಬೇಕಾದ ಬೀಥೋವನ್‌ನ ರಚನೆಗೆ ಇನ್ನೂರು ವರ್ಷದ ಹಿಂದೆ ನಾಲ್ವರು ಬೇಕಾಗಿದ್ದರು, ಇಂದಿಗೂ ನಾಲ್ವರೇ ಬೇಕು, ಹಿಡಿಯುವ ಹೊತ್ತೂ ಅಷ್ಟೇ. ವೇಗವಾಗಿ ನುಡಿಸಿ ಸಮಯ ಉಳಿಸುವ ಹಾಗಿಲ್ಲ. ಸುತ್ತಲಿನ ಸಮಾಜದಲ್ಲಿ ಸಂಬಳಗಳು ಏರಿದಾಗ ವಾದಕರ ಸಂಬಳವೂ ಏರಲೇಬೇಕು, ಇಲ್ಲವಾದರೆ ಯಾರೂ ಈ ವೃತ್ತಿಗೆ ಬರುವುದಿಲ್ಲ. ಹೀಗಾಗಿ ಯಾರೂ ದುಂದುವೆಚ್ಚ ಮಾಡದಿದ್ದರೂ ಆದಾಯ ಮತ್ತು ಖರ್ಚಿನ ನಡುವಿನ ಕಂದರ ಅಗಲವಾಗುತ್ತಲೇ ಹೋಗುತ್ತದೆ. ತರಗತಿಯಲ್ಲಿ ಪಾಠ ಹೇಳುವ ನನ್ನಂಥವರ ಕೆಲಸದ ಲೆಕ್ಕವೂ ಇದೇ.

ಅಮೆರಿಕದ ದೊಡ್ಡ ವಾದ್ಯವೃಂದಗಳಲ್ಲಿ ಟಿಕೆಟ್ ಮಾರಾಟದಿಂದ ಬರುವುದು ಒಟ್ಟು ಆದಾಯದ ಸುಮಾರು ಮೂರನೇ ಒಂದು ಭಾಗ, ಹೆಚ್ಚೆಂದರೆ ಐದರಲ್ಲಿ ಎರಡು ಭಾಗ. ಸಭಾಂಗಣ ತುಂಬಿ ತುಳುಕಿದರೂ ಖರ್ಚು ಹುಟ್ಟುವುದಿಲ್ಲ. ಜರ್ಮನಿಯಲ್ಲಿ ಉಳಿದ ಭಾರವನ್ನು ಬಹುಪಾಲು ಸರಕಾರವೇ ಹೊರುತ್ತದೆ. ಅಮೆರಿಕದಲ್ಲಿ ಸರಕಾರ ನೇರವಾಗಿ ಕೊಡುವುದು ಅಲ್ಪ, ಹೆಚ್ಚಿನದು ದಾನಿಗಳಿಂದ ಬರಬೇಕು.

ಇಲ್ಲಿ ಕೆಲವು ಪದಗಳನ್ನು ಬಿಡಿಸಿ ಹೇಳಬೇಕು. ಅಮೆರಿಕದ ಈ ವಾದ್ಯವೃಂದಗಳು ಲಾಭರಹಿತ ಸಂಸ್ಥೆಗಳು. ಲಾಭರಹಿತ ಸಂಸ್ಥೆ ಎಂದರೆ ನಷ್ಟದಲ್ಲಿ ನಡೆಯುವ ಸಂಸ್ಥೆ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಅದಕ್ಕೆ ಮಾಲೀಕರಿಲ್ಲ, ಷೇರುದಾರರಿಲ್ಲ ಎಂದಷ್ಟೇ ಅರ್ಥ. ವರ್ಷದ ಕೊನೆಗೆ ಹಣ ಮಿಕ್ಕರೆ ಅದನ್ನು ಯಾರೂ ಹಂಚಿಕೊಳ್ಳುವಂತಿಲ್ಲ, ಸಂಸ್ಥೆಯ ಉದ್ದೇಶಕ್ಕೇ ಬಳಸಬೇಕು. ಇದಕ್ಕೆ ಪ್ರತಿಯಾಗಿ ಸಂಸ್ಥೆಗೆ ತೆರಿಗೆ ವಿನಾಯಿತಿ ಸಿಗುತ್ತದೆ, ದಾನ ಕೊಟ್ಟವರಿಗೂ ತೆರಿಗೆಯಲ್ಲಿ ರಿಯಾಯಿತಿ ದೊರೆಯಬಹುದು. ಸಾರ್ವಜನಿಕರು ಪರೋಕ್ಷವಾಗಿ ಬಿಟ್ಟುಕೊಟ್ಟ ಹಣ ಇದರಲ್ಲಿ ಸೇರಿರುವುದರಿಂದ ಅದರ ವಾರ್ಷಿಕ ಲೆಕ್ಕವನ್ನು ಅಲ್ಲಿ ಯಾರು ಬೇಕಾದರೂ ನೋಡಬಹುದು.

ಎರಡನೆಯ ಪದ ಎಂಡೋಮೆಂಟ್. ಇದನ್ನು ವಿವರಿಸಲು ನನಗೆ ದೇವಸ್ಥಾನದ ಶಾಶ್ವತ ಸೇವೆಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ನೀವು ಒಮ್ಮೆ ಒಂದು ಮೊತ್ತ ಕಟ್ಟುತ್ತೀರಿ, ದೇವಸ್ಥಾನ ಅದನ್ನು ಠೇವಣಿ ಇಡುತ್ತದೆ, ಬಡ್ಡಿಯಲ್ಲಿ ಪ್ರತಿವರ್ಷ ನಿಮ್ಮ ಹೆಸರಿನಲ್ಲಿ ಪೂಜೆ ನಡೆಯುತ್ತದೆ. ಅಸಲಿಗೆ ಕೈಹಾಕುವಂತಿಲ್ಲ. ವಾದ್ಯವೃಂದದ ದತ್ತಿನಿಧಿಯೂ ಹಾಗೆಯೇ, ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 4ರಿಂದ 5ರಷ್ಟನ್ನು ಮಾತ್ರ ತೆಗೆದು ಬಳಸುತ್ತಾರೆ. ನೂರು ಕೋಟಿಯ ನಿಧಿಯಿದ್ದರೆ ವರ್ಷಕ್ಕೆ ಕೈಗೆ ಸಿಗುವುದು ನಾಲ್ಕೈದು ಕೋಟಿ. ಇದರ ಜೊತೆಗೆ ‘ಇದಕ್ಕೇ ಬಳಸಿ’ ಎಂದು ಷರತ್ತು ಹಾಕಿ ಕೊಟ್ಟ ದೇಣಿಗೆಗಳಿರುತ್ತವೆ. ತೇರಿಗೆಂದು ಬಂದ ಹಣವನ್ನು ಅನ್ನದಾನಕ್ಕೆ ಬಳಸುವಂತಿಲ್ಲವಷ್ಟೆ. ದೊಡ್ಡ ನಿಧಿಯಿರುವ ವಾದ್ಯವೃಂದವೊಂದು ಸಂಬಳಕ್ಕೆ ಹಣವಿಲ್ಲ ಎಂದಾಗ ಜನ ಸಂಶಯಪಡುವುದು ಈ ಎರಡು ಸಂಗತಿ ಗೊತ್ತಿಲ್ಲದ್ದರಿಂದ.

ಒಬ್ಬನೇ ದಾನಿ ಇಡೀ ಭಾರ ಹೊರಬಹುದಲ್ಲ ಎಂದು ನೀವು ಕೇಳಬಹುದು. ಹಾಗೆ ಹೆಗಲು ಕೊಟ್ಟವರಲ್ಲಿ ಒಬ್ಬರು ನಮ್ಮವರೇ. ಮೈಸೂರಿನ ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರೆಂದು ನಿಮಗೆ ತಿಳಿದಿರಬಹುದು. ಅವರು ಪಾಶ್ಚಾತ್ಯ ಸಂಗೀತದಲ್ಲೂ ಆಳವಾಗಿ ಇಳಿದಿದ್ದರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದರು. 1948ರಲ್ಲಿ ಅದರ ಕಛೇರಿ ಸಂಘಕ್ಕೆ ಒಡೆಯರ್ ಮೊದಲ ಅಧ್ಯಕ್ಷರಾಗಿ ಧನಸಹಾಯಕ್ಕೆ ನಿಂತರು. ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್ ತನ್ನ ಕೊನೆಗಾಲದಲ್ಲಿ ಬರೆದ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿ ಹಾಡಲ್ಪಟ್ಟಾಗ ಆ ಸಂಜೆಯ ಹಿಂದೆ ಇದ್ದ ಹಣ ಮೈಸೂರಿನದು. ಈ ಸಂಗತಿಯನ್ನು ಹೇಳುವಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಅದೇ ವಾದ್ಯವೃಂದವನ್ನು ಲೆಗ್ 1964ರಲ್ಲಿ ನಿಲ್ಲಿಸಿಬಿಡುವುದಾಗಿ ಪ್ರಕಟಿಸಿದರು. ಒಬ್ಬರ ನಿರ್ಧಾರದಿಂದ ಹುಟ್ಟಿದ್ದು ಒಬ್ಬರ ನಿರ್ಧಾರದಿಂದಲೇ ಮುಗಿಯಬೇಕಾಗಿತ್ತು. ವಾದಕರು ಒಪ್ಪಲಿಲ್ಲ. ತಾವೇ ಸೇರಿ ‘ನ್ಯೂ ಫಿಲ್‌ಹಾರ್ಮೋನಿಯಾ’ ಎಂಬ ಸ್ವಯಂ ಆಡಳಿತದ ಸಂಸ್ಥೆ ಮಾಡಿಕೊಂಡರು. ಹಳೆಯ ಹೆಸರು ಮರಳಿ ಸಿಕ್ಕಿದ್ದು 1977ರಲ್ಲಿ. ಸಾವಿರ ಜನ ಸಣ್ಣ ಸಣ್ಣ ಮೊತ್ತ ಕೊಡುವ ಸಂಸ್ಥೆ ಒಬ್ಬ ಮಹಾದಾನಿಯ ಸಂಸ್ಥೆಗಿಂತ ಗಟ್ಟಿ ಎಂದು ನಾನು ಹೇಳುವುದು ಇಂಥ ಕಥೆಗಳನ್ನು ನೋಡಿ.

ಆದರೆ ಆ ಸಾವಿರ ಜನ ಏಕೆ ಕೊಡಬೇಕು? ಇದಕ್ಕೆ ನಾವು ಅಮೆರಿಕದ ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ಗೆ ಹೋಗಬೇಕು.

ಅಲ್ಲಿನ ಆರ್ಕೆಸ್ಟ್ರಾ ಹಾಲ್ 1919ರಲ್ಲಿ ಊರಿನ ಸಿಂಫನಿ ವಾದ್ಯವೃಂದಕ್ಕಾಗಿ ಕೆಲವೇ ತಿಂಗಳಲ್ಲಿ ಎದ್ದು ನಿಂತ ಕಟ್ಟಡ. ಸರಿಯಾದ ಸಭಾಂಗಣ ಬೇಕೇಬೇಕೆಂದು ಕಂಡಕ್ಟರ್ ಓಸಿಪ್ ಗ್ಯಾಬ್ರಿಲೊವಿಚ್ ಪಟ್ಟುಹಿಡಿದ ಫಲ ಅದು. ಆರ್ಥಿಕ ಮಹಾಕುಸಿತದ ಪೆಟ್ಟಿನಿಂದ 1939ರಲ್ಲಿ ವಾದ್ಯವೃಂದ ಅದನ್ನು ಬಿಟ್ಟುಹೋಯಿತು. 1941ರಿಂದ ಅದು ‘ಪ್ಯಾರಡೈಸ್ ಥಿಯೇಟರ್’ ಆಗಿ, ಡ್ಯೂಕ್ ಎಲಿಂಗ್ಟನ್, ಎಲಾ ಫಿಟ್ಜ್‌ಜೆರಾಲ್ಡ್‌ರಂಥ ಕಪ್ಪು ಜಾಝ್ ಕಲಾವಿದರ ನೆಲೆಯಾಯಿತು. ಮುಂದೆ ಪಾಳುಬಿತ್ತು. 1970ರ ಹೊತ್ತಿಗೆ ಕೆಡವುವ ಮಾತು ಬಂದಾಗ ಅದನ್ನು ಉಳಿಸಲು ಮುಂದೆ ನಿಂತವರು ಪಾಲ್ ಗ್ಯಾನ್ಸನ್ ಎಂಬ ಬಸೂನ್ ವಾದಕರು. 1989ರಲ್ಲಿ ವಾದ್ಯವೃಂದ ಮರಳಿ ತನ್ನ ಮನೆಗೆ ಬಂತು.

2003ರಲ್ಲಿ ಆ ಸಭಾಂಗಣದ ಸುತ್ತ ದೊಡ್ಡ ಸಂಗೀತ ಕೇಂದ್ರ ತಲೆಯೆತ್ತಿತು. ಅದರ ಬೆನ್ನಿಗೆ ಉಳಿದ ಬ್ಯಾಂಕ್ ಸಾಲ 5.4 ಕೋಟಿ ಡಾಲರ್. 2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕಾರು ಕಂಪನಿಗಳು ತತ್ತರಿಸಿದಾಗ ದೇಣಿಗೆಯೂ ಕುಸಿಯಿತು. ಆಡಳಿತ ಮಂಡಳಿ ಸಂಬಳ ಕಡಿತಕ್ಕೆ ಮುಂದಾಯಿತು. 2010ರ ಅಕ್ಟೋಬರ್‌ನಲ್ಲಿ ವಾದಕರು ಮುಷ್ಕರಕ್ಕೆ ಇಳಿದರು. ಆರು ತಿಂಗಳು ಸಭಾಂಗಣ ಮೌನವಾಗಿತ್ತು. 2011ರ ಏಪ್ರಿಲ್‌ನಲ್ಲಿ ಒಪ್ಪಂದವಾದಾಗ ಲಕ್ಷ ಡಾಲರ್ ದಾಟಿದ್ದ ಮೂಲವೇತನ ಎಂಬತ್ತು ಸಾವಿರದ ಆಸುಪಾಸಿಗೆ ಇಳಿದಿತ್ತು. ಹಲವು ವಾದಕರು ಬೇರೆ ಊರುಗಳ ವಾದ್ಯವೃಂದ ಸೇರಿದರು.

ಆ ಜಗಳದ ಒಂದು ಎಳೆಯನ್ನು ನೀವು ವಿಶೇಷವಾಗಿ ಗಮನಿಸಬೇಕು. ಶಾಲೆಗಳಲ್ಲಿ ಕಲಿಸುವುದು, ಬಡಾವಣೆಗಳಲ್ಲಿ ಸಣ್ಣ ಕಛೇರಿ ಕೊಡುವುದು ವಾದಕರ ಕೆಲಸದ ಭಾಗವೇ ಆಗಬೇಕೆಂದು ಆಡಳಿತ ಬಯಸಿತ್ತು. ನಾವು ಆಯ್ಕೆಯಾದದ್ದು ನುಡಿಸುವುದಕ್ಕೆ, ಕಲಿಸುವುದು ಬೇರೆಯೇ ವಿದ್ಯೆ ಎಂಬುದು ಇನ್ನೊಂದು ಕಡೆಯ ವಾದ. ಕೊನೆಗೆ ಅದು ಇಷ್ಟವಿದ್ದವರು ಪ್ರತ್ಯೇಕ ಸಂಭಾವನೆ ಪಡೆದು ಮಾಡುವ ಕೆಲಸವಾಯಿತು. ಶಿಕ್ಷಕನಾಗಿ ಹೇಳುತ್ತೇನೆ, ಇದು ಸರಿಯಾದ ತೀರ್ಮಾನ. ಒಲ್ಲದ ಮನಸ್ಸಿನಿಂದ ತರಗತಿಗೆ ಬಂದ ಕಲಾವಿದನನ್ನು ಮಕ್ಕಳು ಐದು ನಿಮಿಷದಲ್ಲಿ ಗುರುತಿಸುತ್ತಾರೆ.

ಮುಷ್ಕರ ಮುಗಿದ ಮೇಲೆ ವಾದ್ಯವೃಂದ ಜನ ಬರಲೆಂದು ಕಾಯುತ್ತ ಕೂರಲಿಲ್ಲ. ಕಛೇರಿಗಳನ್ನು ಉಚಿತವಾಗಿ ಅಂತರ್ಜಾಲದಲ್ಲಿ ನೇರಪ್ರಸಾರ ಮಾಡತೊಡಗಿತು. ಸುತ್ತಲಿನ ಉಪನಗರಗಳ ಚರ್ಚು, ಯಹೂದಿ ಪ್ರಾರ್ಥನಾಮಂದಿರ, ಸ್ಥಳೀಯ ರಂಗಮಂದಿರಗಳಿಗೆ ತಾನೇ ಹೋಗಿ ಕಡಿಮೆ ದರದ ಟಿಕೆಟ್ ಇಟ್ಟು ನುಡಿಸಿತು. 2013ರ ಜುಲೈನಲ್ಲಿ ಡೆಟ್ರಾಯಿಟ್ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ವಾದ್ಯವೃಂದದ ಆಯವ್ಯಯ ಹಲವು ವರ್ಷಗಳ ನಂತರ ಸರಿತೂಗಿತು. ಬಡಾವಣೆಯ ಕಛೇರಿಗಳಿಂದ ಬಂದ ಟಿಕೆಟ್ ಹಣದಿಂದ ಇದು ಆಗಲಿಲ್ಲ, ಅದು ಬಹಳ ಸಣ್ಣ ಮೊತ್ತ. ಸಂಬಳ ಕಡಿತ, ಬ್ಯಾಂಕುಗಳೊಂದಿಗೆ ಸಾಲದ ಇತ್ಯರ್ಥ, ಮರಳಿ ಬಂದ ದಾನಿಗಳು, ಈ ಮೂರೂ ಸೇರಿ ಆದದ್ದು. ಮೂರನೆಯದಕ್ಕೂ ಬಡಾವಣೆಯ ಕಛೇರಿಗಳಿಗೂ ನಂಟಿದೆ ಎಂಬುದು ನನ್ನ ಎಣಿಕೆ. ತನ್ನ ಓಣಿಯಲ್ಲಿ ಕೇಳಿದ್ದಕ್ಕೆ ಮನುಷ್ಯ ಕೈಯೆತ್ತಿ ಕೊಡುತ್ತಾನೆ.

ಸಮುದಾಯದ ಕೆಲಸ ಎಂಬ ಮಾತಿನಲ್ಲಿ ಎರಡು ಬಗೆಗಳಿವೆ. ಒಂದು, ವಾದಕರು ಒಂದು ದಿನ ಶಾಲೆಗೆ ಬಂದು ನುಡಿಸಿ, ಫೋಟೋ ತೆಗೆಸಿಕೊಂಡು ಹೋಗುವುದು. ಇದರಿಂದ ಮಗುವಿಗೆ ಹೆಚ್ಚೇನೂ ದಕ್ಕುವುದಿಲ್ಲ. ಇನ್ನೊಂದು, ವರ್ಷಗಟ್ಟಲೆ ಜೊತೆಗಿರುವುದು. ಡೆಟ್ರಾಯಿಟ್‌ನ ಯುವ ವಾದ್ಯವೃಂದಗಳ ತರಬೇತಿ 1970ರಿಂದ ನಡೆದುಬಂದಿದೆ. ಕಪ್ಪು ರಚನಕಾರರ ಕೃತಿಗಳಿಗಾಗಿ ‘ಕ್ಲಾಸಿಕಲ್ ರೂಟ್ಸ್’ ಎಂಬ ಕಛೇರಿ 1978ರಲ್ಲಿ ಶುರುವಾಯಿತು. ಕಪ್ಪು ಜನಾಂಗದ ತರುಣ ವಾದಕರಿಗೆ ವಾದ್ಯವೃಂದದೊಳಗೇ ಕುಳಿತು ಕಲಿಯುವ ಫೆಲೋಶಿಪ್ ಕೂಡ ಇದೆ.

ಈಚಿನದು ‘ಡೆಟ್ರಾಯಿಟ್ ಹಾರ್ಮನಿ’. ಊರಿನಲ್ಲಿ ಕಲಿಯಬಯಸುವ ಪ್ರತಿ ಶಾಲಾಮಗುವಿನ ಕೈಗೂ ಒಂದು ವಾದ್ಯ ಕೊಡಬೇಕೆಂಬುದು ಅದರ ಗುರಿ. ಜನರ ಮನೆಯ ಅಟ್ಟದಲ್ಲಿ ದೂಳು ಹಿಡಿದಿರುವ ಹಳೆಯ ವಾದ್ಯಗಳನ್ನು ದಾನವಾಗಿ ಪಡೆದು, ದುರಸ್ತಿ ಮಾಡಿಸುತ್ತಾರೆ. ಈ ಕೆಲಸದ ಹದ ತಿಳಿಯಬೇಕಾದರೆ ಪಿಟೀಲನ್ನು ಕೈಗೆತ್ತಿಕೊಳ್ಳಬೇಕು. ಪಿಟೀಲು ಕಾಲು, ಅರ್ಧ, ಮುಕ್ಕಾಲು, ಪೂರ್ಣ ಎಂದು ಅಳತೆಗಳಲ್ಲಿ ಬರುತ್ತದೆ. ಏಳು ವರ್ಷದ ಹುಡುಗಿಯ ತೋಳಿಗೆ ಹೊಂದುವುದು ಹತ್ತನೆಯ ವಯಸ್ಸಿಗೆ ಗಿಡ್ಡವಾಗುತ್ತದೆ. ಆಗ ಅದನ್ನು ವಾಪಸು ಪಡೆದು, ತಂತಿ ಬದಲಿಸಿ, ಕಮಾನಿಗೆ ಹೊಸ ಕುದುರೆಕೂದಲು ಕಟ್ಟಿಸಿ, ಸಣ್ಣ ತೋಳಿನ ಇನ್ನೊಂದು ಮಗುವಿಗೆ ಕೊಡಬೇಕು. ಅವಳಿಗೆ ಮುಂದಿನ ಅಳತೆಯದು ಆ ವಾರವೇ ಸಿಗಬೇಕು. ತಡವಾದರೆ ಕಲಿತದ್ದು ಕೈತಪ್ಪುತ್ತದೆ. ದಾನಿಗಳು ಹೊಸ ಪಿಟೀಲಿಗೆ ಹಣ ಕೊಡಲು ಸುಲಭವಾಗಿ ಒಪ್ಪುತ್ತಾರೆ. ತಂತಿಗೆ, ದುರಸ್ತಿಗೆ, ವಾದ್ಯಗಳ ಲೆಕ್ಕ ಇಡುವವರ ಸಂಬಳಕ್ಕೆ ಕೊಡುವವರು ಕಡಿಮೆ. ಇಂಥ ಸಂಸ್ಥೆಯ ವಾರ್ಷಿಕ ವರದಿ ಎಂದಾದರೂ ನಿಮ್ಮ ಕೈಗೆ ಬಂದರೆ, ಚಿತ್ರಗಳನ್ನು ನೋಡಿ ಮುಗಿಸಿದ ಮೇಲೆ, ಆ ತಂತಿಯ ಖರ್ಚು ಯಾವ ಸಾಲಿನಲ್ಲಿದೆ ಎಂದು ಹುಡುಕಿ.